ಬೋಗುಣಿಯಲ್ಲಿ ಕುದಿಸಿದ ವಾಲ್ವ್

ಹುಬ್ಬಳ್ಳಿಯಿಂದ ಗದಗಿಗೆ ದಿನಾ ಕಾರಿನಲ್ಲಿ ಓಡಾಡುವ ವಿಜ್ಞಾನದ ಮಾಸ್ತರ ನಾನು. ಗಾಡಿ 2009ರದು, ಪೆಟ್ರೋಲ್, ಸೆಕೆಂಡ್ ಹ್ಯಾಂಡ್. ಒಂದು ಏಪ್ರಿಲ್ ಮಧ್ಯಾಹ್ನ ಅಣ್ಣಿಗೇರಿ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು. ಏಸಿ ಬಂದ್ ಮಾಡಿ ಹೀಟರ್ ಪೂರ್ತಿ ಹಚ್ಚಿದೆ. ಎಂಜಿನ್ನಿನ ಬಿಸಿಯನ್ನು ಅದು ಒಂದಿಷ್ಟು ಎಳೆದುಕೊಳ್ಳುತ್ತದೆ. ಆ ಬಿಸಿಲಲ್ಲಿ ಹೀಟರ್! ಹಂಗೇ ಬೆವರುತ್ತ ಎದುರಿಗಿದ್ದ ಚಹಾದಂಗಡಿ ಮುಂದೆ ನಿಲ್ಲಿಸಿದೆ.

ಬಾನೆಟ್ ಎತ್ತಿ, ಎಂಜಿನ್ನಿನ ಬಿಸಿ ನೀರನ್ನು ತಣ್ಣಗೆ ಮಾಡುವ ರೇಡಿಯೇಟರ್‌ನ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಅಂಗಡಿಯ ಅಜ್ಜ ಒದರಿದ: "ಏ ತಮ್ಮಾ, ಕೈ ತಗಿ! ಮಾರಿ ಸುಟ್ಟೀತು!" ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಮುಚ್ಚಳ ಸಡಿಲಾದರೆ ಹಬೆಯಾಗಿ ಚಿಮ್ಮುತ್ತದೆ. ಇದನ್ನೇ ಪ್ರತಿ ವರ್ಷ ಹುಡುಗರಿಗೆ ಕಲಿಸುವವನು ನಾನು. ಮುಕ್ಕಾಲು ತಾಸು ಕೂತು, ಎರಡು ಚಹಾ ಕುಡಿದು, ಆಮೇಲೆ ನೀರು ಹಾಕಿದೆ.

ಮೊದಲ ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ ಬಿಚ್ಚಿ ನನ್ನ ಕೈಗಿಟ್ಟ. ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆದು, ಕಾದ ಮೇಲೆ ಬಾಯಿ ತೆರೆಯುವ ವಾಲ್ವ್ ಅದು. "ನಮ್ಮ ಕಡಿ ಬಿಸಲಿಗೆ ಇದು ಬೇಕಾಗಂಗಿಲ್ಲರಿ ಸರ." ನಂಬಿದೆ. ಮುಂಜಾನೆ ಅರ್ಧ ದಾರಿ ಬಂದರೂ ಎಂಜಿನ್ ಕಾಯಲಿಲ್ಲ, ತಣ್ಣಗಿನ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯಿತು, 16 ಬರುತ್ತಿದ್ದ ಮೈಲೇಜ್ 13ಕ್ಕೆ ಬಂತು. ಮಧ್ಯಾಹ್ನ ಮುಳ್ಳು ಏರುವುದು ಮಾತ್ರ ಹಂಗೇ ಇತ್ತು.

ಆಗ ಒಂದು ನೋಟ್‌ಬುಕ್ ಇಟ್ಟು, ಮುಳ್ಳು ಯಾವಾಗ ಏರುತ್ತದೆ ಅಂತ ಹದಿನೈದು ದಿನ ಬರೆದೆ. ಟ್ರಾಫಿಕ್‌ನಲ್ಲಿ ಏರಿ, ಓಡುವಾಗ ಇಳಿದರೆ ಫ್ಯಾನ್ ನೋಡಬೇಕು. ನನ್ನದು ಉಲ್ಟಾ. ಚೆನ್ನಮ್ಮ ಸರ್ಕಲ್ಲಿನ ಜಾಮ್‌ನಲ್ಲಿ ಶಾಂತ, ಹೈವೇಯಲ್ಲಿ 80 ದಾಟಿದರೆ ಏರಿಕೆ. ಗಾಳಿ ಬೇಕಾದಷ್ಟಿದೆ, ನೀರೇ ಹಾಯುತ್ತಿಲ್ಲ. ಮನೆಗೆ ಬಂದು ಎಂಜಿನ್ ಬಂದ್ ಮಾಡಿ, ಫ್ಯಾನಿನ ವೈರ್ ಕಳಚಿ (ಅದು ಬೇಕಾದಾಗ ತಾನೇ ತಿರುಗೀತು), ರೇಡಿಯೇಟರ್ ಮೇಲೆ ಹುಷಾರಾಗಿ ಕೈಯಾಡಿಸಿದೆ. ಸುತ್ತೆಲ್ಲ ಬಿಸಿ, ನಡುವೆ ಅಂಗೈ ಅಗಲ ಜಾಗ ತಣ್ಣಗೆ. ಮರುದಿನ ನೀರು ಇಳಿಸಿದರೆ ಚಹಾ ಬಣ್ಣ, ಜೊತೆಗೆ ಬಿಳಿ ಹಕ್ಕಳೆ. ಎರಡು ವರ್ಷ ಬೋರ್‌ವೆಲ್ ನೀರನ್ನೇ ಸುರಿದಿದ್ದೆನಲ್ಲ! ಗೀಜರ್ ಕಾಯಿಲ್ ಮೇಲೆ ಕಟ್ಟುವ ಸುಣ್ಣವೇ ಇಲ್ಲೂ ಕಟ್ಟಿತ್ತು.

ರೇಡಿಯೇಟರ್ ಹೊಸದು ಹಾಕಿಸಿದೆ. ಹೊಸ ವಾಲ್ವನ್ನು ಮಾತ್ರ ಪರೀಕ್ಷೆ ಮಾಡದೆ ಬಿಡಲಿಲ್ಲ. ಅಡಗಿಮನೆಯ ಬೋಗುಣಿಯಲ್ಲಿ ನೀರು ಕಾಯಿಸಿ, ವಾಲ್ವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಇಳಿಬಿಟ್ಟು, ಪಕ್ಕದಲ್ಲಿ ಲ್ಯಾಬಿನ ಥರ್ಮಾಮೀಟರ್ ಹಿಡಿದು ನಿಂತೆ. ವಾಲ್ವ್ ಮೇಲೆ 82 ಅಂತ ಕೆತ್ತಿತ್ತು. 80ರವರೆಗೆ ಮಿಸುಕಲಿಲ್ಲ. 83ಕ್ಕೆ ಕೂದಲೆಳೆಯಷ್ಟು ಸಂದು ಕಂಡಿತು, 95ಕ್ಕೆ ಬಾಯಿ ತೆರೆದಿತ್ತು. "ಆ ಬೋಗುಣಿ ಇನ್ನ ಶಾಲಿಗೇ ಒಯ್ರಿ," ಅಂದಳು ಮನೆಯಾಕೆ.

ವಾಲ್ವ್ ಕೂರಿಸುವಾಗ ಅದರ ಸಣ್ಣ ಪಿನ್ ಮೇಲಕ್ಕೆ ಬರುವಂತೆ ಇಟ್ಟೆ, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲಿ ಅಂತ. ತಣ್ಣಗಿದ್ದಾಗ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಓಡಿಸಿದೆ. ಗುಳ್ಳೆ ಬಂದು ಮಟ್ಟ ಇಳಿದಂತೆಲ್ಲ ಮತ್ತೆ ಹಾಕಿದೆ. ಡ್ಯಾಶ್‌ಬೋರ್ಡ್ ಒಳಗೆ ಗುಳುಗುಳು ಸದ್ದು ಬಂದರೆ ಗಾಳಿ ಇನ್ನೂ ಉಳಿದಿದೆ ಅಂತಲೇ.

ಈಗ ಡಿಕ್ಕಿಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನ್ ಇರುತ್ತದೆ. ರವಿವಾರ ಮುಂಜಾನೆ ಗಾಡಿ ಶುರು ಮಾಡುವ ಮೊದಲು ಕೂಲಂಟ್ ಡಬ್ಬಿ ನೋಡುತ್ತೇನೆ. ಹೋದ ತಿಂಗಳು ಒಂದು ಬೆರಳು ಇಳಿದಿತ್ತು. ಕೆಳಗಿನ ಹೋಸ್‌ನ ಕ್ಲಿಪ್ ಸಡಿಲಾಗಿತ್ತು, ಸ್ಕ್ರೂಡ್ರೈವರ್‌ನಲ್ಲಿ ಎರಡು ಸುತ್ತು ಬಿಗಿ ಮಾಡಿದೆ.