ಮೊದಲ ರೇಸಿನಲ್ಲಿ ಕಾಲಿಗಿಂತ ಕಣ್ಣಿಗೇ ಕೆಲಸ ಜಾಸ್ತಿ

ಕಾರ್ ರೇಸ್ ಮಾಡಬೇಕು ಅಂತ ಆಸೆ ಇದೆ, ಆದರೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಿಲ್ಲ ಅನ್ನುವವರು ಬೆಂಗಳೂರಿನಲ್ಲಿ ತುಂಬ ಜನ ಇದ್ದಾರೆ. ನಾನೂ ಬಹಳ ವರ್ಷ ಹಾಗೇ ಇದ್ದೆ. ಈಗ ಒಂದು ರೇಸ್ ವೀಕೆಂಡ್ ಪೂರ್ತಿ ಮುಗಿಸಿ ಬಂದಿದ್ದೇನೆ. ನೆನಪು ಇನ್ನೂ ಹಸಿಯಾಗಿರುವಾಗಲೇ ಎಲ್ಲಾ ಬರೆದಿಡುತ್ತೇನೆ. ಇದರಿಂದ ಒಬ್ಬರಾದರೂ ಹೋಗಿ ಓಡಿಸಿದರೆ ನನಗೆ ನಿಜವಾಗಲೂ ಖುಷಿ.

ನಮಗೆ ಹತ್ತಿರ ಅಂದರೆ ತಮಿಳುನಾಡೇ. ಅಲ್ಲಿ ಹಳೆಯ, ಹೆಸರಾದ ಟ್ರ್ಯಾಕ್ ಎರಡು ಇವೆ. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯಂನಲ್ಲಿರುವ ಕಾರಿ ಮೋಟಾರ್ ಸ್ಪೀಡ್‌ವೇ 2003ರಲ್ಲಿ ಶುರುವಾಯಿತು, ಉದ್ದ 2.1 ಕಿ.ಮೀ. ಮಾರುತಿ ಎಂಜಿನ್ ಇಟ್ಟು ಕಡಿಮೆ ಖರ್ಚಿನ ಒಂಟಿ ಸೀಟಿನ ರೇಸ್ ಕಾರು ಕಟ್ಟಿದ ಕರಿವರ್ಧನ್ ಅವರ ಹೆಸರು ಅದಕ್ಕೆ. ಇನ್ನೊಂದು ಚೆನ್ನೈ ಹತ್ತಿರ, ಶ್ರೀಪೆರಂಬದೂರು ದಾಟಿದ ಮೇಲೆ ಸಿಗುವ ಇರುಂಗಾಟ್ಟುಕೋಟ್ಟೈನದು. ಅದು 3.717 ಕಿ.ಮೀ. ಈಗ ಅದಕ್ಕೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು, ಆದರೆ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಕಾರು ರಿಪೇರಿ ಮಾಡುವ ಜಾಗದಲ್ಲಿ, ಎಲ್ಲರೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಅಂತಲೇ ಅನ್ನುತ್ತಾರೆ. ಅದು ಬರುವ ಮುಂಚೆ ಚೆನ್ನೈನವರು ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ಏರ್‌ಸ್ಟ್ರಿಪ್‌ನಲ್ಲಿ ರೇಸ್ ಮಾಡುತ್ತಿದ್ದರು. ಹಳೆಯ ಮೆಕ್ಯಾನಿಕ್‌ಗಳ ಹತ್ತಿರ ಆ ಹೆಸರು ಎತ್ತಿದರೆ ಸಾಕು, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಮಾತಾಡೋಕೆ ಕೂರುತ್ತಾರೆ. ನನ್ನ ರೇಸ್ ಇದ್ದದ್ದು ಇರುಂಗಾಟ್ಟುಕೋಟ್ಟೈನಲ್ಲಿ.

ಸ್ವಂತ ಕಾರು ಕಟ್ಟೋಕೆ ಹೋಗಬೇಡಿ, ಮೊದಲ ಸಲ ಬಾಡಿಗೆಗೆ ತೆಗೆದುಕೊಳ್ಳಿ. ಟೀಮ್‌ನವರೇ ಕಾರು, ಮೆಕ್ಯಾನಿಕ್, ಪೆಟ್ರೋಲ್, ಟೈರು ಎಲ್ಲಾ ನೋಡಿಕೊಳ್ಳುತ್ತಾರೆ. ನಾವು ಹೆಲ್ಮೆಟ್, ಸೂಟ್ ಹಿಡಿದುಕೊಂಡು ಹೋದರೆ ಆಯಿತು. ನನಗೆ ಸಿಕ್ಕಿದ್ದು ಮಾರುತಿ ಎಸ್ಟೀಮ್. ಹೌದು, ನಮ್ಮ ಮಾವ, ಚಿಕ್ಕಪ್ಪಂದಿರು ಒಂದು ಕಾಲದಲ್ಲಿ ಓಡಿಸುತ್ತಿದ್ದ ಅದೇ ಎಸ್ಟೀಮ್. 1298 ಸಿಸಿ ಎಂಜಿನ್, ಹಗುರ ಮೈ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತವೆ. ಅದಕ್ಕೇ ನಮ್ಮ ದೇಶದ ರೇಸಿಂಗ್‌ನಲ್ಲಿ ಅದು ಇಷ್ಟು ವರ್ಷ ಬಾಳಿದೆ. ಒಳಗೆ ಸೀಟು, ಕಾರ್ಪೆಟ್, ಎಸಿ ಏನೂ ಇಲ್ಲ. ಬರೀ ತಗಡು, ಕಾರು ಪಲ್ಟಿಯಾದರೆ ಕಾಪಾಡುವ ಕಬ್ಬಿಣದ ಪಂಜರ (ರೋಲ್ ಕೇಜ್), ಒಂದೇ ಒಂದು ಬಕೆಟ್ ಸೀಟು.

ಬಾಡಿಗೆ ಮಾತಾಡುವಾಗ ಒಂದು ವಿಷಯ ಬಾಯಿಬಿಟ್ಟು ಕೇಳಿ: ಡ್ಯಾಮೇಜ್ ಆದರೆ ಯಾರು ಕಟ್ಟಬೇಕು, ಎಷ್ಟರ ತನಕ? ನಮ್ಮ ಮಾಮೂಲಿ ಕಾರ್ ಇನ್ಶೂರೆನ್ಸ್ ರೇಸಿಗೆ ಅನ್ವಯಿಸುವುದಿಲ್ಲ, ಪಾಲಿಸಿಯಲ್ಲೇ ಹಾಗಂತ ಬರೆದಿರುತ್ತದೆ. ನಾನು ಇದನ್ನು ಬರೆಸಿಕೊಂಡೇ ಅಡ್ವಾನ್ಸ್ ಕೊಟ್ಟೆ. ಆಮೇಲೆ ತಲೆ ಹಗುರ ಆಯಿತು.

ರೇಸಿಗೆ ನಮ್ಮ ದೇಶದ ಮೋಟಾರ್ ರೇಸಿಂಗ್ ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡುವ ಕಾಂಪಿಟಿಷನ್ ಲೈಸೆನ್ಸ್ ಬೇಕು. ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಇದನ್ನೆಲ್ಲಾ ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ, ಅಷ್ಟೇ.

ಇನ್ನು ಮೈಮೇಲೆ ಹಾಕಿಕೊಳ್ಳೋಕೆ ಬೇಕಾದದ್ದು: ಬೆಂಕಿ ತಡೆಯುವ ಸೂಟ್, ಗ್ಲೌಸ್, ಶೂಸ್, ತಲೆಗೆ ಬಾಲಕ್ಲಾವಾ, ಕಾರ್ ರೇಸಿಗೆ ಒಪ್ಪುವ ಹೆಲ್ಮೆಟ್, ಹಾನ್ಸ್. ಬೈಕ್ ಹೆಲ್ಮೆಟ್ ನಡೆಯುವುದಿಲ್ಲ. ಹಾನ್ಸ್ ಅಂದರೆ ಹೆಗಲ ಮೇಲೆ ಕೂರುವ ಗಟ್ಟಿ ಪಟ್ಟಿ, ಹೆಲ್ಮೆಟ್ಟಿಗೆ ಎರಡು ಕಡೆ ಕಟ್ಟಿರುತ್ತದೆ. ಕಾರು ಗೋಡೆಗೆ ಹೊಡೆದಾಗ ಬೆಲ್ಟ್ ಮೈಯನ್ನು ಹಿಡಿಯುತ್ತದೆ, ಆದರೆ ತಲೆ ಮುಂದಕ್ಕೆ ಎಸೆದ ಹಾಗೆ ಹೋಗುತ್ತದೆ. ಹಾನ್ಸ್ ಆ ತಲೆಯನ್ನು ಹಿಡಿದಿಡುತ್ತದೆ. ಫಾರ್ಮುಲಾ ಒನ್‌ನಲ್ಲಿ 2003ರಿಂದ ಕಡ್ಡಾಯ. ಬೇರೆ ಯಾವುದರಲ್ಲಿ ಬೇಕಾದರೂ ಉಳಿಸಿ, ಇದರಲ್ಲಿ ಬೇಡ.

ಶುಕ್ರವಾರ ಬೆಳಿಗ್ಗೆ ಸ್ಕ್ರೂಟಿನಿ, ಅಂದರೆ ಕಾರಿನ ತಪಾಸಣೆ. ಕಾರನ್ನು ಸಾಲಿನಲ್ಲಿ ತಳ್ಳಿಕೊಂಡು ಹೋಗಬೇಕು. ಬ್ಯಾಟರಿ ಅಲ್ಲಾಡುತ್ತದಾ, ಟೋ ಹುಕ್ ಎದ್ದು ಕಾಣುತ್ತದಾ, ಫೈರ್ ಎಕ್ಸ್‌ಟಿಂಗ್ವಿಷರ್ ತುಂಬಿದೆಯಾ, ಬೆಲ್ಟಿನ ತಾರೀಖು ಮುಗಿದಿದೆಯಾ ಅಂತ ಒಂದೊಂದಾಗಿ ನೋಡುತ್ತಾರೆ. ನನ್ನನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟ್ ಪೂರ್ತಿ ಬಿಗಿದು, ಈಗ ಕಿಲ್ ಸ್ವಿಚ್ (ಎಂಜಿನ್, ಕರೆಂಟ್ ಒಟ್ಟಿಗೆ ಆರಿಸುವ ಸ್ವಿಚ್) ಮುಟ್ಟಿ ಅಂದರು. ಆಮೇಲೆ ಬೇಗ ಇಳಿದು ತೋರಿಸಿ ಅಂದರು. ಬಿಸಿಲಲ್ಲಿ ನಿಂತು ಕಾಯುವಾಗ ಕೆಲವರು ಗೊಣಗುತ್ತಿದ್ದರು. ನನಗಂತೂ ಅವರ ಮೇಲೆ ಗೌರವ ಹುಟ್ಟಿತು. ನಮ್ಮ ಜೀವದ ಬಗ್ಗೆ ನಮಗಿಂತ ಜಾಸ್ತಿ ಯೋಚನೆ ಮಾಡುವ ಜನ ಅವರು.

ಆ ಸಂಜೆ ಟ್ರ್ಯಾಕ್ ನಡೆದು ನೋಡಿದ್ದೇ ನನ್ನ ಇಡೀ ವೀಕೆಂಡಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು. ನಮ್ಮ ಟೀಮಿನ ಹಿರಿಯ ಡ್ರೈವರ್ ಒಬ್ಬರು ಜೊತೆಗೆ ಬಂದರು. ಪಿಟ್ ನೇರ ಮುಗಿದು ಮೊದಲ ತಿರುವು, ಅಲ್ಲಿನವರು ಸಿ1 ಅನ್ನುವುದು, ಬಲಕ್ಕೆ ತಿರುಗುತ್ತದೆ. ಅಲ್ಲಿ ಅವರು ನನ್ನನ್ನು ಕುಕ್ಕರುಗಾಲಲ್ಲಿ ಕೂರಿಸಿದರು. "ನಿಂತು ನೋಡಬೇಡ ಕಣಪ್ಪಾ. ಕಾರೊಳಗೆ ನಿನ್ನ ಕಣ್ಣು ಈ ಎತ್ತರದಲ್ಲಿ ಇರುತ್ತೆ. ಇಲ್ಲಿಂದ ಏನು ಕಾಣುತ್ತೆ ಹೇಳು" ಅಂದರು. ನಿಂತಾಗ ಚೆನ್ನಾಗಿ ಕಾಣುತ್ತಿದ್ದ ತಿರುವಿನ ಒಳಮೂಲೆ ಕೂತಾಗ ಮಾಯ. ತಿರುವಿನ ಅಂಚಿನ ಕಟ್ಟೆ, ಅಂದರೆ ಕರ್ಬ್‌ನ ಬಣ್ಣದ ಪಟ್ಟಿಯ ಒಂದು ತುದಿ ಮಾತ್ರ ಕಾಣುತ್ತಿತ್ತು. ಹಾಗಾದರೆ ಅದೇ ನನ್ನ ಗುರುತು. ಹೀಗೆ ಪ್ರತಿ ತಿರುವಿಗೂ ಮೂರು ಗುರುತು ಹುಡುಕಿಕೊಂಡೆ. ಬ್ರೇಕ್ ಎಲ್ಲಿ, ಸ್ಟೀರಿಂಗ್ ತಿರುಗಿಸೋದು ಎಲ್ಲಿ, ಹೊರಗೆ ಬರುವಾಗ ಕಾರು ಎಲ್ಲಿರಬೇಕು. ಟಾರಿನ ತೇಪೆ, ಬಿರುಕು, ಬೋರ್ಡು, ಏನಾದರೂ ಸರಿ, ಅಲ್ಲಾಡದೆ ಇರುವ ವಸ್ತು ಆಗಿರಬೇಕು. ನೆರಳನ್ನು ಗುರುತು ಇಟ್ಟುಕೊಳ್ಳಬಾರದು, ಮಧ್ಯಾಹ್ನದ ಹೊತ್ತಿಗೆ ಅದು ಜಾಗ ಬಿಟ್ಟಿರುತ್ತದೆ.

ಶನಿವಾರ ಪ್ರಾಕ್ಟೀಸ್. ಹೆಲ್ಮೆಟ್ ಒಳಗೆ ನನ್ನ ಉಸಿರೇ ನನಗೆ ಜೋರಾಗಿ ಕೇಳುತ್ತಿತ್ತು. ಆ ಹಿರಿಯ ಡ್ರೈವರ್ ಹೇಳಿದ್ದು ಒಂದೇ ಮಾತು: ಕಣ್ಣು ಯಾವಾಗಲೂ ಮುಂದಿನ ಗುರುತಿನ ಮೇಲೆ ಇರಲಿ. ಬ್ರೇಕ್ ಒತ್ತಿದ ಕೂಡಲೇ ಒಳಮೂಲೆ ನೋಡು, ಅಲ್ಲಿಗೆ ಮುಟ್ಟುವ ಮುಂಚೆ ಹೊರದಾರಿ ನೋಡು. ಇದು ಕೇಳೋಕೆ ಸುಲಭ, ಆದರೆ ಮುಂದೆ ಇನ್ನೊಂದು ಕಾರು ಬಂದ ತಕ್ಷಣ ಕಣ್ಣು ಅದರ ಬಂಪರ್‌ಗೆ ಅಂಟಿಕೊಳ್ಳುತ್ತದೆ, ಅವನು ಬ್ರೇಕ್ ಹಾಕಿದಾಗ ನಾವೂ ಹಾಕುತ್ತೇವೆ, ಅವನು ಅಗಲಕ್ಕೆ ಹೋದರೆ ನಾವೂ ಹೋಗುತ್ತೇವೆ. ಅವನ ಗಾಜಿನ ಮೂಲಕ ಆಚೆ ನೋಡಬೇಕು. ಅದು ಕೈಗೆ ಹತ್ತಿದ ಮೇಲೆ, ಆಕ್ಸಿಲರೇಟರ್ ಒಂದಿಷ್ಟೂ ಜಾಸ್ತಿ ಒತ್ತದೆ, ನನ್ನ ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿಯುವ ಹೊತ್ತು, ತಾನಾಗೇ ಇಳಿಯುತ್ತಾ ಬಂತು.

ಬ್ರೇಕ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ವೇಗ ನೂರರಿಂದ ನೂರನಲವತ್ತಕ್ಕೆ ಹೋದರೆ ಬ್ರೇಕ್ ನುಂಗಬೇಕಾದ ಶಕ್ತಿ ಹೆಚ್ಚುಕಮ್ಮಿ ಎರಡರಷ್ಟು ಆಗುತ್ತದೆ. ಅದೆಲ್ಲಾ ಬಿಸಿಯಾಗಿ ಡಿಸ್ಕ್‌ಗೆ, ಪ್ಯಾಡ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕಡಿಮೆ ಅಂದರೂ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ನಿಯಮ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ಗುಳ್ಳೆ, ಗುಳ್ಳೆ ಇದ್ದರೆ ಪೆಡಲ್ ಮೆತ್ತಗೆ. ನಮ್ಮ ಮೆಕ್ಯಾನಿಕ್ ಹೊಸೂರಿನವರು, ಕನ್ನಡ ಚೆನ್ನಾಗಿ ಮಾತಾಡುತ್ತಾರೆ. "ಸಾರ್, ಎಂಜಿನ್ ನನಗೆ ಬಿಡಿ. ಪೆಡಲ್ ಮೆತ್ತಗಾದ್ರೆ ಮಾತ್ರ ಯೋಚನೆ ಮಾಡ್ಬೇಡಿ, ಸೀದಾ ಒಳಗೆ ಬನ್ನಿ" ಅಂದಿದ್ದರು. ಎರಡನೇ ಪ್ರಾಕ್ಟೀಸ್ ಕೊನೆಯಲ್ಲಿ ಹಾಗೇ ಆಯಿತು, ಹಣ್ಣಾದ ಪಪ್ಪಾಯಿ ಒತ್ತಿದ ಹಾಗೆ ಪೆಡಲ್ ಒಳಗೆ ಹೋಯಿತು. ಪಿಟ್‌ಗೆ ತಂದೆ. ಅವರು ನಾಲ್ಕೂ ಚಕ್ರ ಬಿಚ್ಚಿ, ಇನ್ನೊಬ್ಬ ಹುಡುಗನನ್ನು ಪೆಡಲ್ ಒತ್ತೋಕೆ ಕೂರಿಸಿ, ಒಂದೊಂದು ಚಕ್ರದಲ್ಲೂ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಟ್ಯೂಬ್ ಸಿಕ್ಕಿಸಿ, "ಒತ್ತು, ಹಿಡಿ, ಬಿಡು" ಅಂತ ಹೇಳುತ್ತಾ, ಬಾಟಲಿಯಲ್ಲಿ ಗುಳ್ಳೆ ನಿಲ್ಲುವ ತನಕ ಹಳೆ ಆಯಿಲ್ ತೆಗೆದರು. ರೇಸಿನಲ್ಲಿ ಯಾರು ಎಲ್ಲಿಂದ ಶುರು ಮಾಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ ಹೊತ್ತಿಗೆ ಪೆಡಲ್ ಕಲ್ಲಿನಷ್ಟು ಗಟ್ಟಿ.

ಟೈರ್ ಗಾಳಿಯೂ ಹಾಗೇ. ಬಿಸಿಯಾದ ಹಾಗೆ ಪ್ರೆಶರ್ ಏರುತ್ತದೆ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ. ಆದ್ದರಿಂದ ತಣ್ಣಗಿರುವಾಗ ಕಡಿಮೆ ಹಾಕಿ, ಟ್ರ್ಯಾಕಿನಿಂದ ಒಳಗೆ ಬಂದ ನಿಮಿಷದಲ್ಲೇ ಅಳೆಯುತ್ತಾರೆ. ಹಿಂದಿನ ಟೈರಿನ ಕಥೆ ಬೇರೆ. ಎಸ್ಟೀಮ್‌ನಲ್ಲಿ ಎಳೆಯೋದು, ತಿರುಗೋದು, ಬ್ರೇಕಿನ ಮುಕ್ಕಾಲು ಕೆಲಸ ಎಲ್ಲಾ ಮುಂದಿನ ಚಕ್ರಗಳದ್ದೇ. ಹಿಂದಿನವು ಬಿಸಿಯಾಗೋಕೆ ಹೊತ್ತು ಬೇಕು. ಮೊದಲ ಲ್ಯಾಪಿನಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್‌ನಿಂದ ಪಟ್ ಅಂತ ಕಾಲು ತೆಗೆದರೆ ಹಿಂಭಾಗ ಮುಂದೆ ಬರೋಕೆ ನೋಡುತ್ತದೆ.

ಭಾನುವಾರದ ರೇಸಿಗೆ ಮುಂಚೆ ಬಾವುಟಗಳನ್ನು ಬಾಯಿಪಾಠ ಮಾಡಿದೆ. ಹಳದಿ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಎರಡು ಹಳದಿ ಅಂದರೆ ನಿಲ್ಲಿಸೋಕೂ ತಯಾರಿರು. ಹಳದಿ ಮೇಲೆ ಕೆಂಪು ಗೆರೆ ಇದ್ದರೆ ದಾರಿ ಜಾರುತ್ತದೆ. ನೀಲಿ ಅಂದರೆ ಒಂದು ಸುತ್ತು ಮುಂದಿರುವ ಕಾರು ಹಿಂದೆ ಬಂದಿದೆ. ಕಪ್ಪಿನ ಮೇಲೆ ಕಿತ್ತಳೆ ಚುಕ್ಕೆ, ಜೊತೆಗೆ ನಮ್ಮ ನಂಬರ್ ಇದ್ದರೆ ಕಾರಿನಲ್ಲಿ ಏನೋ ಕೆಟ್ಟಿದೆ, ಪಿಟ್‌ಗೆ ಬಾ ಅಂತ. ಟ್ರ್ಯಾಕ್ ನಡೆಯುವಾಗ ಈ ಬಾವುಟ ತೋರಿಸುವವರು ನಿಲ್ಲುವ ಮಾರ್ಷಲ್ ಪೋಸ್ಟ್‌ಗಳು ಎಲ್ಲೆಲ್ಲಿವೆ ಅಂತಲೂ ನೋಡಿಟ್ಟುಕೊಂಡಿದ್ದೆ. ಅವೂ ನನ್ನ ಗುರುತುಗಳೇ ಆದವು.

ರೇಸ್ ಶುರುವಾಗುವಾಗ ಕಾರುಗಳು ಸಾಲಾಗಿ ನಿಲ್ಲುವ ಗ್ರಿಡ್‌ನಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ಕೆಂಪು ದೀಪ ಆರಿತು. ಸ್ಟಾರ್ಟ್‌ನಲ್ಲಿ ಕಾರಿನ ಭಾರ ಹಿಂದಕ್ಕೆ ಹೋಗುತ್ತದೆ, ಎಳೆಯುವ ಚಕ್ರ ಮುಂದಿವೆ, ಹಾಗಾಗಿ ಜಾಸ್ತಿ ರೆವ್ ಕೊಟ್ಟರೆ ಚಕ್ರ ಸುಮ್ನೆ ಸುತ್ತುತ್ತವೆ. ಮೆಕ್ಯಾನಿಕ್ ಹೇಳಿದ ರೆವ್‌ನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟೆ, ಪಕ್ಕದವರ ಟೈರ್ ಹೊಗೆ ದಾಟಿ ಹೋದೆ. ಸಿ1ಗೆ ಎಲ್ಲರೂ ಒಟ್ಟಿಗೆ ಬಂದಾಗಿನ ಸದ್ದು, ಆ ರಬ್ಬರ್ ವಾಸನೆ, ಎರಡೂ ಕಡೆ ಒಂದೊಂದು ಕಾರು, ಅದನ್ನು ಹೇಗೆ ಬರೆದರೂ ಕಮ್ಮಿಯೇ.

ಎರಡನೇ ಲ್ಯಾಪಿನಲ್ಲಿ ಒಂದು ತಿರುವಿಗೆ ಹೋಗುತ್ತಿರುವಾಗ ದೂರದ ಪೋಸ್ಟಿನಲ್ಲಿ ಎರಡು ಹಳದಿ ಬಾವುಟ ಬೀಸುತ್ತಿರುವುದು ಕಂಡಿತು. ಕಾರು ಇನ್ನೂ ಕಂಡಿರಲಿಲ್ಲ, ಬರೀ ಧೂಳು. ಕಾಲು ತೆಗೆದೆ, ಮೆಲ್ಲಗೆ ತಿರುಗಿದೆ. ನೋಡಿದರೆ ಕಾರೊಂದು ದಾರಿಗೆ ಅಡ್ಡಲಾಗಿ, ನನ್ನ ಕಡೆ ಮುಖ ಮಾಡಿ ನಿಂತಿದೆ. ಪಕ್ಕದಲ್ಲಿ ಜಾಗ ಇತ್ತು, ಹೋದೆ. ಆ ಬಾವುಟ ಬೀಸಿದವರು ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದ ವಾಲಂಟಿಯರ್. ರೇಸ್ ಮುಗಿದ ಮೇಲೆ ಕೂಲ್ ಡೌನ್ ಲ್ಯಾಪಿನಲ್ಲಿ ಪ್ರತಿ ಪೋಸ್ಟಿಗೂ ಕೈಬೀಸಿ ಥ್ಯಾಂಕ್ಸ್ ಹೇಳಿದೆ. ನೀವೂ ಹೇಳಿ, ದಯವಿಟ್ಟು.

ಕೊನೆಕೊನೆಗೆ ಮುಂದಿನವರು ಒಂದು ಸುತ್ತು ಹಾಕಿ ನನ್ನ ಹಿಂದೆ ಬಂದರು, ನೀಲಿ ಬಾವುಟ ಕಂಡಿತು. ಹೊಸಬರು ಇಲ್ಲಿ ಗಾಬರಿಯಾಗಿ ಪಕ್ಕಕ್ಕೆ ಹಾರುತ್ತಾರೆ. ಹಾಗೆ ಮಾಡಬೇಡಿ ಅಂತ ರೇಸಿಗೆ ಮುಂಚಿನ ಬ್ರೀಫಿಂಗ್‌ನಲ್ಲೂ ಹೇಳಿದ್ದರು. ನಾನು ನನ್ನ ಲೈನ್ ಬಿಡಲಿಲ್ಲ, ನೇರ ಬಂದಾಗ ಸ್ವಲ್ಪ ಕಾಲು ತೆಗೆದೆ, ಅವರು ಹೋದರು. ಹಿಂದೆ ಇದ್ದವರಿಗೆ ಬೇಕಾದ್ದು ಒಂದೇ, ನಾವು ಮುಂದೆ ಏನು ಮಾಡುತ್ತೇವೆ ಅಂತ ಅವರಿಗೆ ಗೊತ್ತಾಗಬೇಕು. ಸಂಜೆ ಅವರಲ್ಲೊಬ್ಬರು ಹುಡುಕಿಕೊಂಡು ಬಂದು "ಚೆನ್ನಾಗಿ ಜಾಗ ಬಿಟ್ರಿ" ಅಂತ ಕೈಕುಲುಕಿದರು. ಶುರುವಾದ ಜಾಗಕ್ಕಿಂತ ಮುಂದೆ ಮುಗಿಸಿದ್ದೆ, ಕಾರಿಗೆ ಒಂದು ಗೀರೂ ಇರಲಿಲ್ಲ. ಎರಡೂ ಖುಷಿಯೇ, ಆದರೆ ಆ ಕೈಕುಲುಕು ಜಾಸ್ತಿ ಖುಷಿ ಕೊಟ್ಟಿತು.

ಇನ್ನೊಂದು ವಿಷಯ, ನೀರು. ಆ ಸೂಟ್ ಒಳಗೆ ಚೆನ್ನೈ ಬಿಸಿಲಲ್ಲಿ ಬೆವರು ಸುರಿಯುತ್ತದೆ. ಬಾಯಾರಿಕೆ ಆಗುವ ಮುಂಚೆಯೇ ಓಆರ್‌ಎಸ್ ಕುಡಿಯುತ್ತಾ ಇರಿ. ಊಟ ಲಘುವಾಗಿರಲಿ. ಮೈ ಬಳಲಿದರೆ ಮೊದಲು ಮಂಕಾಗುವುದು ಕಣ್ಣೇ.

ಮುಂದಿನ ರೌಂಡಿಗೆ ಅದೇ ಎಸ್ಟೀಮ್ ಬುಕ್ ಮಾಡಿದ್ದೇನೆ. ಅದಕ್ಕೆ ಮುಂಚೆ ಕಾರಿ ಸ್ಪೀಡ್‌ವೇಯಲ್ಲಿ ಒಂದು ದಿನ ಪ್ರಾಕ್ಟೀಸ್ ಮಾಡುವ ಯೋಚನೆ ಇದೆ. ಅಲ್ಲಿ ಲ್ಯಾಪ್ ಚಿಕ್ಕದು, ಒಂದೇ ತಿರುವು ಬೇಗ ಬೇಗ ಸಿಗುತ್ತದೆ, ಬ್ರೇಕ್ ಬಿಡುವುದನ್ನು ಕಲಿಯೋಕೆ ಒಳ್ಳೆಯ ಜಾಗ. ಬೆಂಗಳೂರಿನಿಂದ ಯಾರಾದರೂ ಬರುವುದಿದ್ದರೆ ಹೇಳಿ, ಒಟ್ಟಿಗೆ ಹೋಗೋಣ.