ಕಾರ್ ಸಾಲಕ್ಕೆ ಮೊದಲು ಹಳೇ ಬಾಕಿ: ‘ಸೆಟಲ್ಡ್’ ಬೇಡ, ‘ಕ್ಲೋಸ್ಡ್’ ಬರೆಸಿಕೊಳ್ಳಿ

ವಸೂಲಿಯವರ ಜೊತೆ ಮಾತಿಗೆ ಕೂತವರ ಗಮನವೆಲ್ಲ ಎಷ್ಟು ಬಿಡುತ್ತಾರೆ ಎಂಬುದರ ಮೇಲೇ ಇರುತ್ತದೆ. ಮುಂದೆ ಕಾರ್ ಸಾಲ ತೆಗೆಯುವ ಯೋಚನೆ ಇದ್ದರೆ ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ದುಡ್ಡು ಕಟ್ಟಿದ ಮೇಲೆ ನಿಮ್ಮ ಸಾಲಗಳ ದಾಖಲೆಯಾದ ಸಿಬಿಲ್ ವರದಿಯಲ್ಲಿ ಆ ಖಾತೆಯ ಮುಂದೆ ಯಾವ ಪದ ಬರುತ್ತದೆ ಎಂಬುದು. ‘ಕ್ಲೋಸ್ಡ್’ ಅಂದರೆ ಸಾಲ ತೀರಿತು. ‘ಸೆಟಲ್ಡ್’ ಅಂದರೆ ಪೂರ್ತಿ ಕಟ್ಟಲಿಲ್ಲ, ಬ್ಯಾಂಕು ನಷ್ಟ ಹೊತ್ತು ಕೈಬಿಟ್ಟಿತು. ಕಾರ್ ಸಾಲದ ಫೈಲ್ ನೋಡುವ ಅಧಿಕಾರಿ ಮೊದಲು ಹುಡುಕುವುದೇ ಈ ಪದವನ್ನು. ಒಂದು ಕ್ರೆಡಿಟ್ ಕಾರ್ಡು, ಒಂದು ಪರ್ಸನಲ್ ಲೋನು, ಈ ಎರಡು ಹಳೇ ಬಾಕಿಗಳನ್ನು ನಾನು ತೀರಿಸಿದ ಕ್ರಮ ಇದು. ಶುರುವಿನಿಂದ ಕಾರ್ ಸಾಲದ ಅರ್ಜಿಯವರೆಗೆ ಏಳು ತಿಂಗಳು ಹಿಡಿಯಿತು. ಮುಂದಿನ ತಿಂಗಳೇ ಕಾರ್ ಬೇಕು ಎನ್ನುವವರಿಗೆ ಇದು ಆಗುವ ಕೆಲಸವಲ್ಲ.

ಮೊದಲು ವರದಿ ತೆಗೆಸಿ. ಮೊಬೈಲ್ ಆ್ಯಪ್‌ಗಳು ತೋರಿಸುವ ಬರೀ ಸ್ಕೋರ್ ಸಾಲದು, ಪೂರ್ತಿ ವರದಿ ಬೇಕು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ಆರ್‌ಬಿಐ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ನಾಲ್ಕನ್ನೂ ತೆಗೆಸಿ, ಏಕೆಂದರೆ ಒಂದರಲ್ಲಿ ಇರುವ ತಪ್ಪು ಇನ್ನೊಂದರಲ್ಲಿ ಇರದೇ ಹೋಗಬಹುದು.

ಸಿಬಿಲ್ ವರದಿಯಲ್ಲಿ ಪ್ರತಿ ಖಾತೆಯ ಕೆಳಗೆ ತಿಂಗಳುಗಳ ಸಾಲು ಇರುತ್ತದೆ, ಹೆಚ್ಚೆಂದರೆ 36 ತಿಂಗಳದ್ದು. ಪ್ರತಿ ತಿಂಗಳ ಚೌಕದಲ್ಲೂ ಮೂರಂಕಿ. 000 ಎಂದಿದ್ದರೆ ಆ ತಿಂಗಳು ಬಾಕಿ ಇಲ್ಲ. 032 ಎಂದಿದ್ದರೆ ಕಂತು 32 ದಿನ ತಡ. ‘ಎಕ್ಸ್‌ಎಕ್ಸ್‌ಎಕ್ಸ್’ ಎಂದಿದ್ದರೆ ಬ್ಯಾಂಕು ಆ ತಿಂಗಳ ಮಾಹಿತಿ ಕಳಿಸಿಲ್ಲ. 90 ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ. ಅಲ್ಲೇ ಪಕ್ಕದಲ್ಲಿ ‘ರಿಟನ್ ಆಫ್ ಮೊತ್ತ’ (ಬ್ಯಾಂಕು ನಷ್ಟವೆಂದು ಬರೆದುಕೊಂಡದ್ದು), ‘ಸೆಟಲ್‌ಮೆಂಟ್ ಮೊತ್ತ’ ಎಂಬ ಕಾಲಂಗಳಿರುತ್ತವೆ. ಕೊನೆಗೆ ಇವೂ ಖಾಲಿಯಾಗಬೇಕು ಅಥವಾ ಸೊನ್ನೆಯಾಗಬೇಕು, ಸ್ಟೇಟಸ್ ಒಂದೇ ಬದಲಾದರೆ ಸಾಲದು. ನೆಂಟರಿಗೋ ಸಹೋದ್ಯೋಗಿಗೋ ಜಾಮೀನು ಹಾಕಿದ ಸಾಲಗಳೂ ನಿಮ್ಮ ವರದಿಯಲ್ಲಿ ಕಾಣಿಸುತ್ತವೆ. ಅವರು ಕಂತು ತಪ್ಪಿಸಿದ್ದರೆ ಪೆಟ್ಟು ನಿಮಗೂ ಬೀಳುತ್ತದೆ. ಹಾಗಾಗಿ ಜಾಮೀನು ಹಾಕಿದ್ದನ್ನು ನೆನಪು ಮಾಡಿಕೊಂಡು ಹುಡುಕಿ.

ಎರಡನೆಯದು ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ಆಫ್ ಅಕೌಂಟ್ ತರಿಸುವುದು. ಏಜೆಂಟು ಫೋನಿನಲ್ಲಿ ಹೇಳುವ ಮೊತ್ತ ನಂಬಿ ಚೌಕಾಸಿಗೆ ಇಳಿಯಬೇಡಿ. ಕಾರ್ಡಿನ ಬಾಕಿ ಎಂದು ನನಗೆ ಹೇಳಿದ್ದು 78,588 ರೂಪಾಯಿ. ಬಿಡಿಸಿ ನೋಡಿದರೆ ನಾನು ನಿಜವಾಗಿ ಖರ್ಚು ಮಾಡಿದ್ದು 41,300. ಬಡ್ಡಿ 25,000. ತಡ ಶುಲ್ಕ 6,600. ಬಡ್ಡಿ ಮತ್ತು ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 5,688. ಹೀಗೆ ನಾಲ್ಕು ಸಾಲಾಗಿ ಬರೆದಿಟ್ಟುಕೊಂಡರೆ ಮಾತಿನ ದಿಕ್ಕೇ ಬದಲಾಗುತ್ತದೆ. ಅಸಲು ಬಿಡಿ ಎಂದು ಕೇಳಿದರೆ ಅದು ಸೆಟಲ್‌ಮೆಂಟ್. ಅಸಲು ಪೂರ್ತಿ ಕಟ್ಟುತ್ತೇನೆ, ಶುಲ್ಕ ಮತ್ತು ಬಡ್ಡಿಯನ್ನು ರಿವರ್ಸ್ ಮಾಡಿ, ಅಂದರೆ ಲೆಕ್ಕದಿಂದ ತೆಗೆದುಹಾಕಿ ಎಂದು ಕೇಳಿದರೆ, ರಿವರ್ಸಲ್ ಆದಮೇಲೆ ಉಳಿದ ಬಾಕಿಯನ್ನು ಪೂರ್ತಿ ಕಟ್ಟಿದಂತೆ ಆಗುತ್ತದೆ. ‘ಕ್ಲೋಸ್ಡ್’ ಕೇಳಲು ನೆಲೆ ಸಿಗುವುದು ಅಲ್ಲಿ.

ಏಜೆಂಟಿನ ಜೊತೆಗಿನ ಮಾತು ಹೆಚ್ಚೂ ಕಡಿಮೆ ಹೀಗೇ ನಡೆಯುತ್ತದೆ:

“ಸರ್, 78 ಸಾವಿರ ಇದೆ. ಇವತ್ತು ಸಂಜೆ ಒಳಗೆ 32 ಹಾಕ್ಬಿಡಿ, ಕ್ಲೋಸ್ ಮಾಡಿಸ್ಕೊಡ್ತೀನಿ. ನಾಳೆ ಈ ಆಫರ್ ಇರಲ್ಲ.”

“ಸಿಬಿಲ್‌ನಲ್ಲಿ ಏನಂತ ಬರುತ್ತೆ? ಕ್ಲೋಸ್ಡ್ ಅಂತಾನಾ, ಸೆಟಲ್ಡ್ ಅಂತಾನಾ?”

“ಎರಡೂ ಒಂದೇ ಸರ್.”

“ಒಂದೇ ಆದ್ರೆ ಲೆಟರ್‌ನಲ್ಲಿ ಕ್ಲೋಸ್ಡ್ ಅಂತ ಹಾಕಿಸ್ಕೊಡಿ.”

“ಅದು ನಮ್ಮ ಕೈಲಿಲ್ಲ ಸರ್. ಬ್ಯಾಂಕಿನೋರು ಮಾಡ್ಬೇಕು.”

ಕೊನೆಯ ಮಾತು ನಿಜ. ಏಜೆಂಟಿಗೆ ಸಿಗುವುದು ವಸೂಲಾದ ಹಣದ ಮೇಲಿನ ಕಮಿಷನ್, ಅದೂ ತಿಂಗಳ ಗುರಿಯ ಲೆಕ್ಕದಲ್ಲಿ. ವರದಿಯಲ್ಲಿ ಏನು ಬರಬೇಕೆಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಅವರ ಮೇಲೆ ರೇಗುವುದರಿಂದ ಏನೂ ಆಗುವುದಿಲ್ಲ. ಬ್ಯಾಂಕಿನ ಕಲೆಕ್ಷನ್ ಮ್ಯಾನೇಜರ್ ಯಾರು, ಅವರ ಅಧಿಕೃತ ಇಮೇಲ್ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಅಲ್ಲಿಂದಾಚೆ ಎಲ್ಲವೂ ಇಮೇಲಿನಲ್ಲೇ ನಡೆಯಲಿ. ತಿಂಗಳ ಕೊನೆಯ ವಾರದಲ್ಲಿ, ಅದರಲ್ಲೂ ಮಾರ್ಚ್ ಕೊನೆಯಲ್ಲಿ, ಮ್ಯಾನೇಜರುಗಳು ಕೇಳಿಸಿಕೊಳ್ಳುವ ಮನಸ್ಸಿನಲ್ಲಿರುತ್ತಾರೆ. ‘ನಾಳೆ ಆಫರ್ ಇರಲ್ಲ’ ಎನ್ನುವುದಕ್ಕೆ ಹೆದರಬೇಡಿ. ನನಗೆ ಅದೇ ಆಫರ್ ಮತ್ತೆ ಮೂರು ಸಲ ಬಂತು.

ನಾನು ಬರೆದು ಕೇಳಿದ್ದು ಇಷ್ಟು: ಅಸಲು 41,300 ಪೂರ್ತಿ, ಬಡ್ಡಿಯಲ್ಲಿ 10,000, ಅದರ ಜಿಎಸ್‌ಟಿ 1,800, ಒಟ್ಟು 53,100 ಒಂದೇ ಕಂತಿನಲ್ಲಿ. ಉಳಿದ ಬಡ್ಡಿ 15,000, ತಡ ಶುಲ್ಕ 6,600, ಇವೆರಡರ ಜಿಎಸ್‌ಟಿ 3,888, ಒಟ್ಟು 25,488 ರಿವರ್ಸ್ ಆಗಬೇಕು. ಎರಡು ಸಲ ಆಗಲ್ಲ ಎಂದರು, ಮೂರನೇ ಸಲಕ್ಕೆ ಒಪ್ಪಿದರು. ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ. ಒಂದು ರೂಪಾಯಿ ಬಿಟ್ಟರೂ ‘ಸೆಟಲ್ಡ್’ ಎಂದೇ ಹಾಕುತ್ತೇವೆ ಎನ್ನುವವರಿದ್ದಾರೆ. ಅಂಥ ಕಡೆ ಪೂರ್ತಿ ಮೊತ್ತವನ್ನು ಮೂರೋ ಆರೋ ಕಂತಿನಲ್ಲಿ ಕಟ್ಟಲು ಬರವಣಿಗೆಯಲ್ಲಿ ಅವಕಾಶ ಕೇಳುವುದು ಲೇಸು. ಈಗಾಗಲೇ ಸೆಟಲ್ ಮಾಡಿಕೊಂಡವರೂ, ಬಿಟ್ಟಿದ್ದ ಮೊತ್ತವನ್ನು ಈಗ ಕಟ್ಟುತ್ತೇನೆ, ಕ್ಲೋಸ್ಡ್ ಎಂದು ತಿದ್ದಿ ಎಂದು ಬ್ಯಾಂಕಿಗೆ ಬರೆಯಬಹುದು.

32,000ಕ್ಕೆ ಮುಗಿಯುತ್ತಿದ್ದದ್ದಕ್ಕೆ 21,100 ಹೆಚ್ಚು ಯಾಕೆ ಕಟ್ಟಬೇಕು ಎಂದು ಮನೆಯವರು ಕೇಳುವುದು ಸಹಜ. ಲೆಕ್ಕ ಇಲ್ಲಿದೆ. 6 ಲಕ್ಷ ಸಾಲಕ್ಕೆ ಐದು ವರ್ಷದ ಅವಧಿಗೆ ಶೇ 9ರ ಬಡ್ಡಿಯಲ್ಲಿ ಇಎಂಐ ಸುಮಾರು 12,455. ದಾಖಲೆ ಕೆಟ್ಟಿದೆ ಎಂದು ಶೇ 13ಕ್ಕೆ ಕೊಟ್ಟರೆ 13,652. ತಿಂಗಳಿಗೆ 1,197, ಅರವತ್ತು ತಿಂಗಳಿಗೆ 71,820 ರೂಪಾಯಿ ಹೆಚ್ಚು. ಅದೂ ಸಾಲ ಕೊಟ್ಟರೆ. ಇನ್ನೊಂದು ವಿಷಯ: 2023ರ ಜೂನ್‌ನಲ್ಲಿ ಆರ್‌ಬಿಐ ಹೊರಡಿಸಿದ ಚೌಕಟ್ಟಿನ ಪ್ರಕಾರ, ಕೃಷಿಯೇತರ ಸಾಲದಲ್ಲಿ ರಾಜಿ ಸೆಟಲ್‌ಮೆಂಟ್ ಮಾಡಿಕೊಂಡವರಿಗೆ ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ.

ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಒಂದು ಪೈಸೆಯೂ ಕಟ್ಟಬೇಡಿ. ಟೋಕನ್ ಎಂದು 500 ಹಾಕಿ ಎಂದರೂ ಬೇಡ. ಆ 500 ಒಟ್ಟು ಬಾಕಿಗೆ ಜಮೆಯಾಗುತ್ತದೆಯೇ ಹೊರತು ನಿಮ್ಮ ಒಪ್ಪಂದಕ್ಕಲ್ಲ. ಪತ್ರ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿರಬೇಕು, ಬ್ಯಾಂಕಿನ ಸ್ವಂತ ಡೊಮೈನ್ ಇರುವ ಇಮೇಲಿನಿಂದ ಬಂದಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ನನ್ನ ಲೆಕ್ಕಕ್ಕೆ ಪತ್ರವಲ್ಲ. ಅದರಲ್ಲಿ ಖಾತೆ ಸಂಖ್ಯೆ, ಇಂದಿನ ಒಟ್ಟು ಬಾಕಿ, ಕಟ್ಟಬೇಕಾದ ಮೊತ್ತ, ಕೊನೆ ದಿನಾಂಕ, ರಿವರ್ಸ್ ಆಗುವ ಬಡ್ಡಿ ಮತ್ತು ಶುಲ್ಕದ ವಿವರ ಇರಲೇಬೇಕು. ಜೊತೆಗೆ ನಾನು ಹಠ ಹಿಡಿದು ಸೇರಿಸಿದ್ದು ಈ ಅರ್ಥದ ಒಂದು ಸಾಲು: ‘ಈ ಮೊತ್ತ ಜಮೆಯಾದ ಮೇಲೆ ಖಾತೆಯ ಬಾಕಿ ಸೊನ್ನೆ, ಎಲ್ಲ ಕ್ರೆಡಿಟ್ ಮಾಹಿತಿ ಕಂಪನಿಗಳಿಗೂ ಕ್ಲೋಸ್ಡ್ ಎಂದು ವರದಿ ಮಾಡಲಾಗುವುದು, ಸೆಟಲ್‌ಮೆಂಟ್ ಮೊತ್ತ, ರಿಟನ್ ಆಫ್ ಮೊತ್ತ ಎರಡೂ ಸೊನ್ನೆ ಎಂದು ತೋರಿಸಲಾಗುವುದು.’ ಮೊದಲು ಬಂದ ಕರಡಿನಲ್ಲಿ ‘ಖಾತೆಯನ್ನು ಇತ್ಯರ್ಥಗೊಳಿಸಲಾಗುವುದು’ ಎಂದಷ್ಟೇ ಇತ್ತು. ಆ ಪದದಲ್ಲೇ ಸೆಟಲ್‌ಮೆಂಟ್ ಅಡಗಿದೆ. ವಾಪಸ್ ಕಳಿಸಿ ತಿದ್ದಿಸಿದೆ.

ಹಣವನ್ನು ಬ್ಯಾಂಕಿನ ವೆಬ್‌ಸೈಟಿನಲ್ಲೋ ಶಾಖೆಯಲ್ಲೋ ನೇರವಾಗಿ ಆ ಖಾತೆ ಸಂಖ್ಯೆಗೇ ಕಟ್ಟಿ. ಏಜೆಂಟಿನ ಮೊಬೈಲ್ ನಂಬರಿಗೆ ಯುಪಿಐ ಮಾಡುವುದು ಬೇಡವೇ ಬೇಡ. ಹಣ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಂಡು, ಪತ್ರದ ಉಲ್ಲೇಖ ಹಾಕಿ ಅದೇ ದಿನ ಮ್ಯಾನೇಜರಿಗೆ ಇಮೇಲ್ ಮಾಡಿ. ಕೊನೆ ದಿನಾಂಕಕ್ಕಿಂತ ಎರಡು ಮೂರು ಕೆಲಸದ ದಿನ ಮೊದಲೇ ಕಟ್ಟಿ, ಏಕೆಂದರೆ ಒಂದು ದಿನ ತಡವಾದರೂ ಒಪ್ಪಂದ ರದ್ದಾಗಿ ಕಟ್ಟಿದ್ದೆಲ್ಲ ಹಳೇ ಬಾಕಿಗೆ ಹೊಂದಿಕೊಳ್ಳುತ್ತದೆ. ಕಂತಿನ ಒಪ್ಪಂದಕ್ಕೆ ಮುಂದಿನ ತಾರೀಖಿನ ಚೆಕ್ ಕೇಳುತ್ತಾರೆ. ಖಾತೆಯಲ್ಲಿ ಹಣ ಇರುವ ಖಾತ್ರಿ ಇಲ್ಲದಿದ್ದರೆ ಕೊಡಬೇಡಿ. ಚೆಕ್ ಬೌನ್ಸಾದರೆ ಅದು ಸೆಕ್ಷನ್ 138ರ ಕ್ರಿಮಿನಲ್ ಕೇಸು, ಬರೀ ಬಾಕಿಯ ವಿಷಯವಾಗಿ ಉಳಿಯುವುದಿಲ್ಲ.

ಪರ್ಸನಲ್ ಲೋನಿನ ದಾರಿ ಕಷ್ಟದ್ದು. ಆ ಬ್ಯಾಂಕು ಸಾಲವನ್ನು ರೈಟ್ ಆಫ್ ಮಾಡಿ ಅಸೆಟ್ ರೀಕನ್‌ಸ್ಟ್ರಕ್ಷನ್ ಕಂಪನಿಯೊಂದಕ್ಕೆ (ಬ್ಯಾಂಕುಗಳ ಕೆಟ್ಟ ಸಾಲ ಕೊಂಡು ವಸೂಲಿ ಮಾಡುವ ಸಂಸ್ಥೆ) ಮಾರಿಬಿಟ್ಟಿತ್ತು. ರೈಟ್ ಆಫ್ ಎಂದರೆ ಸಾಲ ಮನ್ನಾ ಎಂದು ಬಹಳ ಜನ ತಿಳಿದಿದ್ದಾರೆ. ಅದು ಬ್ಯಾಂಕಿನ ಪುಸ್ತಕದ ಲೆಕ್ಕ ಅಷ್ಟೇ, ನಿಮ್ಮ ಸಾಲ ಹಾಗೇ ಇರುತ್ತದೆ. ಸಾಲ ಹಳೆಯದಾಗಿ ಕೋರ್ಟಿಗೆ ಹೋಗುವ ಮೂರು ವರ್ಷದ ಕಾಲಮಿತಿ ಮುಗಿದಿದ್ದರೂ ವರದಿಯ ಕಲೆ ತನ್ನಷ್ಟಕ್ಕೆ ಅಳಿಯುವುದಿಲ್ಲ. ಇಂಥ ಸಾಲದಲ್ಲಿ ಮೊದಲು ಮೂಲ ಬ್ಯಾಂಕಿಗೆ ಇಮೇಲ್ ಮಾಡಿ: ಈ ಖಾತೆಯನ್ನು ಯಾರಿಗೆ, ಯಾವ ದಿನಾಂಕದಂದು ವರ್ಗಾಯಿಸಿದ್ದೀರಿ? ಉತ್ತರ ಬಂದ ಮೇಲಷ್ಟೇ ಫೋನ್ ಮಾಡಿದ ಕಂಪನಿಯ ಜೊತೆ ಮಾತು. ವರದಿಯಲ್ಲಿ ಒಂದೇ ಸಾಲ ಎರಡು ಕಡೆ ಕಾಣುವುದೂ ಉಂಟು, ಮೂಲ ಬ್ಯಾಂಕಿನ ಹೆಸರಿನಲ್ಲಿ ಒಂದು, ಕೊಂಡವರ ಹೆಸರಿನಲ್ಲಿ ಇನ್ನೊಂದು. ಕೊಂಡವರಿಗೆ ಕಟ್ಟಿದಾಗ ಅವರ ಸಾಲು ಸರಿಯಾಯಿತು. ಬ್ಯಾಂಕಿನ ಸಾಲಿನಲ್ಲಿ ರಿಟನ್ ಆಫ್ ಮೊತ್ತ ಹಾಗೇ ಉಳಿಯಿತು. ಅದನ್ನು ಬೇರೆಯಾಗಿ ಡಿಸ್ಪ್ಯೂಟ್ (ವರದಿಯ ತಪ್ಪು ತಿದ್ದಿ ಎಂಬ ಆಕ್ಷೇಪ) ಹಾಕಿ ತೆಗೆಸಬೇಕಾಯಿತು. ಕೊನೆಗೆ ಬಂದ ಪದ ‘ಪೋಸ್ಟ್ ರೈಟ್ ಆಫ್ ಕ್ಲೋಸ್ಡ್’. ಬರೀ ಕ್ಲೋಸ್ಡ್‌ನಷ್ಟು ಒಳ್ಳೆಯದಲ್ಲ, ಆದರೆ ‘ರಿಟನ್ ಆಫ್’ಗಿಂತಲೂ ‘ಪೋಸ್ಟ್ ರೈಟ್ ಆಫ್ ಸೆಟಲ್ಡ್’ಗಿಂತಲೂ ಎಷ್ಟೋ ವಾಸಿ.

ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ನೋ ಡ್ಯೂಸ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಅದರಲ್ಲೂ ‘ಸೆಟಲ್‌ಮೆಂಟ್’ ಎಂಬ ಪದ ನುಸುಳಿಲ್ಲ ಎಂದು ನೋಡಿಕೊಳ್ಳಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕ್ರೆಡಿಟ್ ಕಂಪನಿಗಳಿಗೆ ಮಾಹಿತಿ ಕಳಿಸಬೇಕು, ಆದ್ದರಿಂದ ಒಂದೂವರೆ ತಿಂಗಳು ಬಿಟ್ಟು ವರದಿ ತೆಗೆಸಿದರೆ ಬದಲಾವಣೆ ಕಾಣಬೇಕು. ಕಾಣದಿದ್ದರೆ ಸಿಬಿಲ್ ಸೈಟಿನಲ್ಲೇ ಉಚಿತವಾಗಿ ಡಿಸ್ಪ್ಯೂಟ್ ಹಾಕಬಹುದು. ತಿದ್ದುವುದು ಸಿಬಿಲ್ ಅಲ್ಲ, ಬ್ಯಾಂಕು. ಸಿಬಿಲ್ ಕೇಳುತ್ತದೆ, ಬ್ಯಾಂಕು ಹೌದು ಎಂದರೆ ಬದಲಾಗುತ್ತದೆ. ಅದಕ್ಕೇ ದೂರುಗಳನ್ನು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಅಧಿಕಾರಿಗೂ ಅದೇ ದಿನ ದೂರು ಕೊಡಿ, ಪತ್ರ, ಯುಟಿಆರ್, ನೋ ಡ್ಯೂಸ್ ಮೂರನ್ನೂ ಲಗತ್ತಿಸಿ. ನನ್ನ ಮೊದಲ ಡಿಸ್ಪ್ಯೂಟ್ ‘ಮಾಹಿತಿ ಸರಿಯಿದೆ’ ಎಂದು ವಾಪಸ್ ಬಂತು, ಏಕೆಂದರೆ ಬ್ಯಾಂಕಿಗೆ ಯಾವ ದಾಖಲೆಯನ್ನೂ ಕಳಿಸಿರಲಿಲ್ಲ. ದೂರು 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ಆದೇಶ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಎರಡನೇ ದೂರಿನಲ್ಲಿ ಈ ಸಾಲನ್ನೂ ಬರೆದೆ, ಕೆಲಸ ಬೇಗ ಆಯಿತು. ಅಲ್ಲೂ ಆಗದಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್. ಅವರ ದೂರಿನ ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದುಡ್ಡು ತೆಗೆದುಕೊಂಡು ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಎನ್ನುವವರು ಇದಕ್ಕಿಂತ ಹೆಚ್ಚೇನೂ ಮಾಡಲಾರರು. ಅವರ ಕೈಗೆ ನಿಮ್ಮ ಓಟಿಪಿ ಕೊಡಬೇಡಿ.

ಕಿರುಕುಳದ ಬಗ್ಗೆ ಎರಡು ಮಾತು. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ, ನೆಂಟರು ಸ್ನೇಹಿತರ ಮುಂದೆ ಮಾನ ಕಳೆಯುವಂತಿಲ್ಲ ಎಂದು ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಏಜೆಂಟ್ ಮನೆಗೆ ಬಂದರೆ ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ಕರೆಗಳ ದಿನಾಂಕ, ಹೊತ್ತು, ನಂಬರು ಬರೆದಿಡಿ. ಈ ಪಟ್ಟಿ ನೋಡಲ್ ಅಧಿಕಾರಿಗೆ ಹೋದರೆ ಚೌಕಾಸಿಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ. ಕಿರುಸಾಲದವರ ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕ ತಂದ ಕಾನೂನು ಆರ್‌ಬಿಐ ನೋಂದಣಿ ಇರುವ ಬ್ಯಾಂಕು, ಬ್ಯಾಂಕೇತರ ಹಣಕಾಸು ಕಂಪನಿ ಅಂದರೆ ಎನ್‌ಬಿಎಫ್‌ಸಿಗಳಿಗೆ ಅನ್ವಯಿಸುವುದಿಲ್ಲ, ಅವರ ಮೇಲಿನ ದೂರು ಆರ್‌ಬಿಐ ದಾರಿಯಲ್ಲೇ ಹೋಗಬೇಕು.

ಎರಡೂ ಖಾತೆ ಮುಚ್ಚಿದ ಮೇಲೆ 20,000 ರೂಪಾಯಿ ಎಫ್‌ಡಿ ಇಟ್ಟು ಅದರ ಮೇಲೆ ಒಂದು ಕಾರ್ಡ್ ತೆಗೆದುಕೊಂಡೆ. ತಿಂಗಳಿಗೆ ಲಿಮಿಟ್‌ನ ಶೇ 30 ದಾಟದಂತೆ ದಿನಸಿ, ಪೆಟ್ರೋಲ್ ಮಾತ್ರ, ಬಿಲ್ ಬಂದ ದಿನವೇ ಪೂರ್ತಿ ಪಾವತಿ. ಆ ಸಾಲಿನಲ್ಲಿ ನಾಲ್ಕು ತಿಂಗಳು 000 ಕೂತ ಮೇಲೆ ಕಾರ್ ಸಾಲಕ್ಕೆ ಹೊರಟೆ. ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಮೊದಲು ಕೇಳಿ. ಡೌನ್ ಪೇಮೆಂಟ್ ಆನ್‌ರೋಡ್ ಬೆಲೆಯ ಕಾಲು ಭಾಗವಾದರೂ ಇದ್ದರೆ ಹಳೇ ತಡಗಳ ಬಗ್ಗೆ ಪ್ರಶ್ನೆ ಕಡಿಮೆ. ನೋ ಡ್ಯೂಸ್ ಮತ್ತು ಒಪ್ಪಿಗೆ ಪತ್ರದ ಪ್ರತಿಗಳನ್ನು ಅವರು ಕೇಳುವ ಮೊದಲೇ ಅರ್ಜಿಗೆ ಲಗತ್ತಿಸಿ.

ಶೋರೂಮಿನ ಫೈನಾನ್ಸ್ ಡೆಸ್ಕಿನಲ್ಲಿ ಎಚ್ಚರ ಬೇಕು. ಪ್ಯಾನ್, ಆಧಾರ್ ಕೊಟ್ಟ ಕೂಡಲೇ ನಾಲ್ಕೈದು ಬ್ಯಾಂಕಿಗೆ ಒಟ್ಟಿಗೇ ಲಾಗಿನ್ ಮಾಡಿ, ಅಂದರೆ ಸಾಲದ ಅರ್ಜಿ ಹಾಕಿಬಿಡುತ್ತಾರೆ. ಪ್ರತಿಯೊಂದೂ ವರದಿಯಲ್ಲಿ ಎನ್‌ಕ್ವೈರಿಯಾಗಿ ಕೂರುತ್ತದೆ, ತಿಂಗಳುಗಟ್ಟಲೆ ತಿದ್ದಿಸಿದ ಸ್ಕೋರ್ ಒಂದೇ ಮಧ್ಯಾಹ್ನದಲ್ಲಿ ಇಳಿಯುತ್ತದೆ. ಯಾವ ಬ್ಯಾಂಕು ಎಂದು ನೀವೇ ತೀರ್ಮಾನಿಸಿ, ಪ್ಯಾನ್ ಪ್ರತಿಯ ಮೇಲೆ ಆ ಬ್ಯಾಂಕಿನ ಹೆಸರು, ‘ಕಾರ್ ಸಾಲದ ಅರ್ಜಿಗೆ ಮಾತ್ರ’, ದಿನಾಂಕ ಬರೆದು ಸಹಿ ಹಾಕಿ ಕೊಡಿ.