ಥಂಡರ್‌ಬರ್ಡ್‌ನಲ್ಲಿ ನುಡಿ ಪತ್ರ ಓದಿಸುವ ಆ್ಯಡ್-ಆನ್: ನಾನು ನಡೆಸಿಕೊಂಡು ಬಂದ ರೀತಿ

ಹಾಸನದ ವಕೀಲರ ಕಚೇರಿಗಳಿಗೆ, ಸಹಕಾರ ಸಂಘಗಳಿಗೆ, ಸಕಲೇಶಪುರದ ತೋಟದ ಆಫೀಸುಗಳಿಗೆ ಇವತ್ತಿಗೂ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರಗಳು ಮೇಲ್‌ನಲ್ಲಿ ಬರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಏಳು ಗುರುತು ಕಾಣುತ್ತವೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಅದೇ ಎ. ಇಂಥ ಪತ್ರವನ್ನು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ತೆರೆದು ಗುಂಡಿ ಒತ್ತಿದರೆ, ಆ ಫಾಂಟ್ ಇಲ್ಲದೆಯೂ ಓದಲಾಗುವ ಯೂನಿಕೋಡ್ ಕನ್ನಡವಾಗಿ ತೋರಿಸುವ ಸಣ್ಣ ಆ್ಯಡ್-ಆನ್ (ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ತುಂಡು) ಒಂದನ್ನು ಬಿಡುವಿನ ವೇಳೆಯಲ್ಲಿ ನಡೆಸುತ್ತಿದ್ದೇನೆ. ಹವ್ಯಾಸಕ್ಕೆ ಇಂಥದ್ದೊಂದನ್ನು ಕೈಗೆತ್ತಿಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಕನ್ನಡದ ಕೆಲಸ ಬೇರೆ, ಥಂಡರ್‌ಬರ್ಡ್‌ನ ಕೆಲಸ ಬೇರೆ. ಇವೆರಡನ್ನು ಒಂದೇ ಫೈಲಿನಲ್ಲಿ ಬೆರೆಸಬೇಡಿ.

ನನ್ನಲ್ಲಿ ಪರಿವರ್ತಕ ಒಂದು ಪ್ರತ್ಯೇಕ ಜಾವಾಸ್ಕ್ರಿಪ್ಟ್ ಫೈಲು. ಅದಕ್ಕೆ ಮೇಲ್ ಅಂದರೆ ಏನೆಂದು ಗೊತ್ತಿಲ್ಲ. ಒಂದು ಸಾಲು ಪಠ್ಯ ಕೊಟ್ಟರೆ ಒಂದು ಸಾಲು ಪಠ್ಯ ಹಿಂದಿರುಗಿಸುತ್ತದೆ, ಅಷ್ಟೇ. ಅದನ್ನು ಜಾವಾಸ್ಕ್ರಿಪ್ಟನ್ನು ಪ್ರತ್ಯೇಕವಾಗಿ ಓಡಿಸುವ ನೋಡ್ ಜೆಎಸ್‌ನಲ್ಲಿ ಥಂಡರ್‌ಬರ್ಡ್ ತೆರೆಯದೆಯೇ ಪರೀಕ್ಷಿಸಬಹುದು. ಇನ್ನೊಂದು ಭಾಗ ಅದನ್ನು ಥಂಡರ್‌ಬರ್ಡ್‌ಗೆ ಸೇರಿಸುವ ಅಂಟು: ಮ್ಯಾನಿಫೆಸ್ಟ್ (ಆ್ಯಡ್-ಆನ್‌ನ ಹೆಸರು, ಆವೃತ್ತಿ, ಅನುಮತಿ ಬರೆದಿಡುವ ಫೈಲು), ಗುಂಡಿ, ಪತ್ರದ ಪಠ್ಯವನ್ನು ಹುಡುಕಿ ಬದಲಿಸುವ ಸ್ಕ್ರಿಪ್ಟ್. ಈ ಅಂಟು ನೂರೈವತ್ತು ಸಾಲು ದಾಟದಂತೆ ನೋಡಿಕೊಳ್ಳುತ್ತೇನೆ. ಥಂಡರ್‌ಬರ್ಡ್ ಬದಲಾದಾಗ ಮುರಿಯುವುದು ಇದೇ ಭಾಗ. ಅದು ಚಿಕ್ಕದಿದ್ದರೆ ಒಂದು ಭಾನುವಾರದಲ್ಲಿ ರಿಪೇರಿ ಮುಗಿಯುತ್ತದೆ.

ಮೊದಲು ಪರಿವರ್ತಕ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಸಂಕೇತ ಅಕ್ಷರಕ್ಕೆ ಕೊಟ್ಟದ್ದಲ್ಲ, ಅಕ್ಷರದ ಆಕಾರದ ತುಂಡುಗಳಿಗೆ ಕೊಟ್ಟದ್ದು. ಬರಹ ತಂತ್ರಾಂಶದ ಬಿಆರ್‌ಎಚ್ ಫಾಂಟುಗಳದ್ದೂ ಬಹುಪಾಲು ಇದೇ ಕಥೆ. ಹಾಗಾಗಿ ಒಂದು ಗುರುತಿಗೆ ಒಂದು ಅಕ್ಷರ ಎಂಬ ಪಟ್ಟಿ ಇಟ್ಟುಕೊಂಡು ಹೊರಟರೆ ಮೊದಲ ಸಾಲಿನಲ್ಲೇ ಎಡವುತ್ತೀರಿ. ‘ಮ’ ಎಂಬುದು ಅಲ್ಲಿ ‘ವ’ಕಾರದ ಎರಡು ಗುರುತು ಮತ್ತು ಅದರ ಮುಂದೆ ಒಂದು ಕೊಂಬು. ಎರಡೇ ಗುರುತು ನೋಡಿ ‘ವ’ ಎಂದು ತೀರ್ಮಾನಿಸಿದರೆ ಉಳಿದ ಕೊಂಬು ‘ು’ ಆಗಿ ಅಂಟಿಕೊಳ್ಳುತ್ತದೆ, ‘ಮನೆ’ ಹೋಗಿ ‘ವುನೆ’ ಬರುತ್ತದೆ. ‘ಯ’ ನಾಲ್ಕು ಗುರುತಿನದು. ಅದರ ಮೊದಲ ಗುರುತು ಒಂಟಿಯಾಗಿ ಬಂದರೆ ಅನುಸ್ವಾರ. ಆದ್ದರಿಂದ ಪಠ್ಯದ ಪ್ರತಿ ಜಾಗದಲ್ಲೂ ನಾಲ್ಕು ಗುರುತಿನ ತುಂಡನ್ನು ಮೊದಲು ಪಟ್ಟಿಯಲ್ಲಿ ಹುಡುಕಬೇಕು. ಸಿಗದಿದ್ದರೆ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಈ ಕ್ರಮ ತಪ್ಪಿದ ಪರಿವರ್ತಕವನ್ನು ‘ವುನೆ’ ನೋಡಿಯೇ ಗುರುತಿಸಬಹುದು.

ಮಹಾಪ್ರಾಣಗಳ ಮೇಲೂ ಕಣ್ಣಿಡಿ. ‘ಫಿ’ ಎಂದರೆ ‘ಪಿ’ಯ ಗುರುತು, ಅದರ ಪಕ್ಕ ಮೇಲೆ ಎರಡು ಚುಕ್ಕೆ ಇರುವ ಸಣ್ಣ ಯು. ‘ಧಿ’ಗೂ ಹಾಗೆಯೇ, ‘ದಿ’ಯ ಪಕ್ಕ ಅದೇ ಚುಕ್ಕೆಯ ಯು. ಪಟ್ಟಿಯಲ್ಲಿ ಈ ಜೋಡಿಗಳು ಬಿಟ್ಟುಹೋದರೆ ಕಾಫಿ ಬೆಳೆಗಾರರ ಪತ್ರ ‘ಕಾಪಿ’ ಬೆಳೆಗಾರರದ್ದಾಗುತ್ತದೆ, ಅಧಿಕಾರಿ ‘ಅದಿಕಾರಿ’ ಆಗುತ್ತಾರೆ. ಜೊತೆಗೆ ಪರಿವರ್ತಕಕ್ಕೆ ಅರ್ಥವಾಗದ ಆ ಯು ಅಲ್ಲೇ ಉಳಿಯುತ್ತದೆ. ಅರ್ಥವಾಗದ ಗುರುತನ್ನು ಅಳಿಸುವ ಆಸೆ ಬರುತ್ತದೆ, ಅಳಿಸಬೇಡಿ. ಅದು ಕಣ್ಣಿಗೆ ಬಿದ್ದರೆ ತಾನೇ ಪಟ್ಟಿಯಲ್ಲಿ ಏನು ಕೊರತೆ ಎಂದು ಗೊತ್ತಾಗುವುದು.

ತುಂಡುಗಳನ್ನು ಗುರುತಿಸಿದ ಮೇಲೆ ಅವುಗಳ ಜಾಗ ಸರಿಪಡಿಸುವ ಕೆಲಸ. ನುಡಿಯಲ್ಲಿ ಒತ್ತಕ್ಷರ ಸ್ವರಚಿಹ್ನೆಯ ಆಮೇಲೆ ಬರುತ್ತದೆ: ‘ಅಕ್ಕಿ’ಯಲ್ಲಿ ‘ಕಿ’ ಮೊದಲು, ಆಮೇಲೆ ಕಕಾರದ ಒತ್ತು. ಯೂನಿಕೋಡ್‌ಗೆ ಬೇಕಾದದ್ದು ಕ, ವಿರಾಮ (ಸ್ವರ ಕಳೆಯುವ ‘್’ ಗುರುತು), ಕ, ಕೊನೆಗೆ ‘ಿ’. ಅರ್ಕಾವೊತ್ತು ಇನ್ನೂ ದೂರ ಜಿಗಿಯಬೇಕು. ‘ಸರ್ಕಾರ’ದಲ್ಲಿ ಅದು ‘ಕಾ’ ಆದ ಮೇಲೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ‘ಕ’ಕ್ಕಿಂತ ಮುಂಚೆ ‘ರ್’ ಆಗಿ ಬರಬೇಕು. ‘ಸಾಮರ್ಥ್ಯ’ದಲ್ಲಿ ಯಕಾರದ ಒತ್ತನ್ನೂ ದಾಟಿ ಹಿಂದಕ್ಕೆ ಹೋಗಬೇಕು. ಹೀಗಾಗಿ ಒತ್ತಕ್ಷರದ ಸರದಿ ಮೊದಲು, ಅರ್ಕಾವೊತ್ತಿನದು ಆಮೇಲೆ. ದೀರ್ಘಗಳನ್ನು ಕೂಡಿಸುವುದು ಎಲ್ಲದರ ಕೊನೆಗೆ. ‘ಅದನ್ನೇ’ ಎಂಬಲ್ಲಿ ಎತ್ವಕ್ಕೂ ದೀರ್ಘಕ್ಕೂ ನಡುವೆ ಒತ್ತು ಸಿಕ್ಕಿಕೊಂಡಿರುತ್ತದೆ. ಒತ್ತು ಸರಿದ ಮೇಲೆಯೇ ಎರಡೂ ಅಕ್ಕಪಕ್ಕ ಬರುವುದು. ಅಕ್ಕಪಕ್ಕ ಬಂದರೆ ಸಾಕು, ಕೂಡಿಸಲು ಕೋಡ್ ಬರೆಯಬೇಕಿಲ್ಲ. ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಕರೆಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ‘ೆ’ ಮತ್ತು ‘ೕ’ ಸೇರಿ ‘ೇ’, ‘ೆ’ ಮತ್ತು ‘ೂ’ ಸೇರಿ ‘ೊ’ ಆಗುತ್ತವೆ. ಇದು ಯೂನಿಕೋಡ್ ಮಾನಕದಲ್ಲೇ ಇರುವ ನಿಯಮ.

ಪರೀಕ್ಷೆಗೆ ಒಂದು ಪದಪಟ್ಟಿ ಇಟ್ಟಿದ್ದೇನೆ. ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳ ಹೆಸರಿನಿಂದ ಶುರು, ಚನ್ನರಾಯಪಟ್ಟಣ ಒಂದರಲ್ಲೇ ಎರಡು ಒತ್ತು ಸಿಗುತ್ತವೆ. ಶ್ರವಣಬೆಳಗೊಳದಲ್ಲಿ ರಕಾರದ ಒತ್ತಿನ ಜೊತೆ ಒತ್ವವೂ ಇದೆ. ಆಮೇಲೆ ಸರ್ಕಾರಿ ಪತ್ರದ ಮಾತುಗಳು: ಕಾರ್ಯದರ್ಶಿ, ಅಧ್ಯಕ್ಷ, ಅರ್ಜಿ, ಜಿಲ್ಲಾಧಿಕಾರಿ, ರಾಷ್ಟ್ರ, ಸ್ವಾತಂತ್ರ್ಯ, ಶ್ರೀ, ಜ್ಞಾನ. ‘ರ‍್ಯಾಂಕ್’ ಮರೆಯದೆ ಸೇರಿಸಿ. ಅಲ್ಲಿ ರಕಾರ ಪೂರ್ತಿ ಕಾಣಬೇಕಾದರೆ ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೋಡಕ ಇರಬೇಕು, ಇಲ್ಲದಿದ್ದರೆ ಅರ್ಕಾವೊತ್ತಾಗಿಬಿಡುತ್ತದೆ.

ಯಾವ ಪಠ್ಯವನ್ನು ಬದಲಿಸಬೇಕು ಎಂಬುದು ಕನ್ನಡಕ್ಕೂ ಥಂಡರ್‌ಬರ್ಡ್‌ಗೂ ನಡುವಿನ ಪ್ರಶ್ನೆ. ನುಡಿ ಪಠ್ಯದಲ್ಲಿರುವುದೂ ಇಂಗ್ಲಿಷ್ ಅಕ್ಷರಗಳೇ. ಇಡೀ ಪತ್ರವನ್ನು ಪರಿವರ್ತಕಕ್ಕೆ ಕೊಟ್ಟರೆ ಕಳುಹಿಸಿದವರ ಇಂಗ್ಲಿಷ್ ಹೆಸರು, ಮೇಲ್ ವಿಳಾಸ, ಐಎಫ್‌ಎಸ್‌ಸಿ ಕೋಡ್ ಎಲ್ಲವೂ ಕನ್ನಡದ ಚೂರುಗಳಾಗುತ್ತವೆ. ಎಚ್‌ಟಿಎಮ್‌ಎಲ್ ಪತ್ರವಾದರೆ ಫಾಂಟಿನ ಹೆಸರು ಅದರಲ್ಲೇ ಇರುತ್ತದೆ. ನುಡಿ ಅಥವಾ ಬಿಆರ್‌ಎಚ್ ಎಂದು ಶುರುವಾಗುವ ಫಾಂಟಿನೊಳಗಿನ ಪಠ್ಯವನ್ನು ಮಾತ್ರ ಮುಟ್ಟುತ್ತೇನೆ. ಬರೀ ಪಠ್ಯದ ಪತ್ರದಲ್ಲಿ ಆ ಸುಳಿವು ಇಲ್ಲ. ಅಲ್ಲಿ ಓದುವವರು ಮೌಸ್‌ನಿಂದ ಆಯ್ದುಕೊಂಡಷ್ಟನ್ನೇ ಬದಲಿಸುವುದು. ಊಹೆ ಮಾಡುವ ಸೂತ್ರಗಳನ್ನು ನಾನು ಸೇರಿಸಿಲ್ಲ. ಅಂಕಿಗಳನ್ನೂ ಮುಟ್ಟುವುದಿಲ್ಲ, ಸರ್ವೆ ನಂಬರ್, ಖಾತೆ ನಂಬರ್ ಹಾಗೇ ಕಾಪಿ ಮಾಡಿಕೊಳ್ಳುವವರು ಬಹಳ.

ಬದಲಾಗುವುದು ಪರದೆಯ ಮೇಲಿನ ಪಠ್ಯ ಮಾತ್ರ. ಫೋಲ್ಡರಿನಲ್ಲಿರುವ ಮೂಲ ಪತ್ರ ಹಾಗೆಯೇ ಇರುತ್ತದೆ. ಕೋರ್ಟು ಕಾಗದದ ವಿಷಯದಲ್ಲಿ ಇದು ಮುಖ್ಯ. ಸ್ಕ್ರಿಪ್ಟು ಪಠ್ಯದ ನೋಡ್‌ಗಳನ್ನು ಒಂದೊಂದಾಗಿ ಹಿಡಿದು ಅವುಗಳ ನೋಡ್‌ವ್ಯಾಲ್ಯೂ ಬದಲಿಸುತ್ತದೆ. ಪತ್ರದ ಎಚ್‌ಟಿಎಮ್‌ಎಲ್ ಅನ್ನೇ ಒಟ್ಟಾಗಿ ಬದಲಿಸುವ ಇನ್ನರ್ ಎಚ್‌ಟಿಎಮ್‌ಎಲ್ ಬಳಸಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಬೇರೆಯವರು ಕಳುಹಿಸಿದ ಪತ್ರದಲ್ಲಿ ಅದು ಅಪಾಯ, ಆ್ಯಡ್-ಆನ್ ತಾಣದ ಪರಿಶೀಲನೆಯಲ್ಲೂ ಎಚ್ಚರಿಕೆ ಬರುತ್ತದೆ. ಮೂಲ ಪಠ್ಯವನ್ನು ಜಾವಾಸ್ಕ್ರಿಪ್ಟಿನ ವೀಕ್‌ಮ್ಯಾಪ್ ಎಂಬ ಪಟ್ಟಿಯಲ್ಲಿ ಇಟ್ಟುಕೊಂಡು, ಎರಡನೇ ಸಲ ಗುಂಡಿ ಒತ್ತಿದರೆ ಹಿಂದಿರುಗಿಸುತ್ತೇನೆ. ಒಂದು ಎಡವಟ್ಟು ಇಲ್ಲಿ ಖಂಡಿತ ಬರುತ್ತದೆ: ಅದೇ ಪತ್ರಕ್ಕೆ ಸ್ಕ್ರಿಪ್ಟು ಎರಡು ಸಲ ಸೇರಿದಾಗ, ಮೇಲ್ಮಟ್ಟದಲ್ಲಿ ಕಾನ್ಸ್ಟ್ ಎಂದು ಘೋಷಿಸಿದ ಹೆಸರು ಈಗಾಗಲೇ ಇದೆ ಎಂಬ ದೋಷ ಎದ್ದು ಎರಡನೇ ಸಲ ಗುಂಡಿ ಒತ್ತಿದರೆ ಕೆಲಸವೇ ಆಗುವುದಿಲ್ಲ. ಎಲ್ಲವನ್ನೂ ಒಂದು ಫಂಕ್ಷನ್ನಿನೊಳಗೆ ಹಾಕಿ, ಮೊದಲೇ ಸೇರಿದೆಯೇ ಎಂದು ಒಂದು ಗುರುತು ನೋಡಿಕೊಂಡರೆ ಸರಿಹೋಗುತ್ತದೆ.

ಅನುಮತಿಗಳು ಮೂರೇ: ತೋರಿಸಿದ ಪತ್ರವನ್ನು ಬದಲಿಸುವ ಮೆಸೇಜಸ್ ಮಾಡಿಫೈ, ಅದರೊಳಗೆ ಸ್ಕ್ರಿಪ್ಟು ಸೇರಿಸುವ ಸ್ಕ್ರಿಪ್ಟಿಂಗ್, ಆಯ್ಕೆಗಳನ್ನು ಉಳಿಸಿಡುವ ಸ್ಟೋರೇಜ್. ಮುಂದೆ ಬೇಕಾಗಬಹುದು ಎಂದು ಇನ್ನಷ್ಟು ಕೇಳಬೇಡಿ. ಹೊಸ ಆವೃತ್ತಿಯಲ್ಲಿ ಹೊಸ ಅನುಮತಿ ಸೇರಿದರೆ ಬಳಸುವವರು ಒಪ್ಪುವವರೆಗೆ ಆ ಅಪ್‌ಡೇಟ್ ನಿಂತುಬಿಡುತ್ತದೆ. ಎಷ್ಟೋ ಜನ ಆ ಪ್ರಶ್ನೆಯನ್ನು ಓದದೆ ಮುಚ್ಚುತ್ತಾರೆ, ಹಳೆಯ ದೋಷದಲ್ಲೇ ಉಳಿಯುತ್ತಾರೆ.

ಇನ್ನು ಥಂಡರ್‌ಬರ್ಡ್ ಬದಲಾಗುವ ಬಗೆ. 2020ರ 78ನೇ ಆವೃತ್ತಿಯಿಂದ ಹಳೆಯ ಮಾದರಿಯ ಆ್ಯಡ್-ಆನ್‌ಗಳಿಗೆ ಜಾಗ ಇಲ್ಲ. ಮೇಲ್‌ಎಕ್ಸ್‌ಟೆನ್ಷನ್ ಎಂಬ ಅಧಿಕೃತ ದಾರಿ, ಅದರೊಳಗೇ ಎಕ್ಸ್‌ಪೆರಿಮೆಂಟ್ ಎಂಬ ಕಿಂಡಿ, ಇವೆರಡೇ ಉಳಿದವು. ಎಕ್ಸ್‌ಪೆರಿಮೆಂಟ್ ಇದ್ದರೆ ಥಂಡರ್‌ಬರ್ಡ್‌ನ ಒಳಗಿನ ಕೋಡ್‌ಗೆ ನೇರವಾಗಿ ಕೈಹಾಕಬಹುದು. ಏನು ಬೇಕಾದರೂ ಮಾಡಿಸಬಹುದು, ಆದರೆ ಒಳಗಿನ ಕೋಡ್ ಹೀಗೆಯೇ ಇರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. 2023ರ 115ರಲ್ಲಿ ಮುಖ್ಯ ಕಿಟಕಿಯನ್ನೇ ಹೊಸದಾಗಿ ಕಟ್ಟಿದರು. ಹಳೆಯ ಕಿಟಕಿಯ ತುಂಡುಗಳ ಹೆಸರು ನಂಬಿದ್ದ ಎಕ್ಸ್‌ಪೆರಿಮೆಂಟ್‌ಗಳಿಗೆ ಹಿಡಿಯಲು ಏನೂ ಸಿಗಲಿಲ್ಲ. ಒಳಗಿನ ಮಾಡ್ಯೂಲುಗಳೂ (ಕೋಡಿನ ತುಂಡುಗಳು) ಜೆಎಸ್‌ಎಮ್ ಎಂಬ ಹಳೆಯ ರೂಪದಿಂದ ಇಎಸ್ ಮಾಡ್ಯೂಲ್ ಎಂಬ ರೂಪಕ್ಕೆ ಬದಲಾದವು, ಕರೆಯುವ ಸಾಲುಗಳನ್ನೆಲ್ಲ ತಿದ್ದಬೇಕಾಯಿತು. ಸಂಜೆಯ ಒಂದೆರಡು ಗಂಟೆ ಮಾತ್ರ ಇರುವವರಿಗೆ ಇದು ಹೊರಲಾರದ ಹೊರೆ. ಅಧಿಕೃತ ಎಪಿಐಯಲ್ಲಿ (ಆ್ಯಡ್-ಆನ್‌ಗಳಿಗೆಂದು ಥಂಡರ್‌ಬರ್ಡ್ ಕೊಡುವ ಕರೆಗಳಲ್ಲಿ) ಆಗದ ಸೌಲಭ್ಯವನ್ನು ಯಾರಾದರೂ ಕೇಳಿದರೆ ಆಗುವುದಿಲ್ಲ ಎಂದೇ ಹೇಳುತ್ತೇನೆ.

2025ರ ಮಾರ್ಚಿನಿಂದ, ಅಂದರೆ 136ರಿಂದ, ಥಂಡರ್‌ಬರ್ಡ್ ತಾಣದಲ್ಲಿ ಸಾಮಾನ್ಯವಾಗಿ ಸಿಗುವುದು ತಿಂಗಳಿಗೊಮ್ಮೆ ಬರುವ ಆವೃತ್ತಿ. ವರ್ಷಕ್ಕೊಮ್ಮೆ ಬಂದು ಹೆಚ್ಚು ಕಾಲ ಬೆಂಬಲ ಪಡೆಯುವ ಇಎಸ್‌ಆರ್ ಆವೃತ್ತಿ ಕೂಡ ಮುಂದುವರಿದಿದೆ: 2024ರಲ್ಲಿ 128, 2025ರಲ್ಲಿ 140. ಮ್ಯಾನಿಫೆಸ್ಟಿನಲ್ಲಿ ಕನಿಷ್ಠ ಆವೃತ್ತಿ 128.0 ಎಂದು ಹಾಕಿದ್ದೇನೆ, ಗರಿಷ್ಠ ಆವೃತ್ತಿ ಹಾಕಿಲ್ಲ. ಹಾಕಿದರೆ ಅದನ್ನು ದಾಟಿದ ದಿನ ಆ್ಯಡ್-ಆನ್ ತಾನಾಗಿ ನಿಷ್ಕ್ರಿಯವಾಗುತ್ತದೆ. ಎಕ್ಸ್‌ಪೆರಿಮೆಂಟ್ ಇರುವವರಿಗೆ ಆ ಮಿತಿ ಬೇಕು, ನಮಗೆ ಬೇಡ. ಮ್ಯಾನಿಫೆಸ್ಟಿನಲ್ಲಿ ಆ್ಯಡ್-ಆನ್‌ನ ಗುರುತಾಗಿರುವ ಗೆಕೊ ಐಡಿ ಒಮ್ಮೆ ಇಟ್ಟದ್ದನ್ನು ಯಾವತ್ತೂ ಬದಲಿಸಬಾರದು, ಬದಲಿಸಿದರೆ ಅದು ಬೇರೆಯೇ ಆ್ಯಡ್-ಆನ್, ಹಳೆಯವರಿಗೆ ಅಪ್‌ಡೇಟ್ ಹೋಗುವುದಿಲ್ಲ. ಆವೃತ್ತಿ ಸಂಖ್ಯೆಯನ್ನು ಥಂಡರ್‌ಬರ್ಡ್ ಚುಕ್ಕೆಗಳ ನಡುವಿನ ತುಂಡುಗಳಾಗಿ ಹೋಲಿಸುತ್ತದೆ, 2.9 ಆದ ಮೇಲೆ 2.10 ಎಂದರೆ ಅದು ಮುಂದಿನದೇ.

ಮ್ಯಾನಿಫೆಸ್ಟ್ 3ನೇ ಮಾದರಿಗೆ ಹೋದಾಗ ಹೆಚ್ಚು ಹೊತ್ತು ತಿಂದದ್ದು ಹಿನ್ನೆಲೆ ಸ್ಕ್ರಿಪ್ಟು. ಸುಮಾರು 30 ಸೆಕೆಂಡು ಕೆಲಸವಿಲ್ಲದಿದ್ದರೆ ಅದನ್ನು ನಿಲ್ಲಿಸಲಾಗುತ್ತದೆ, ವೇರಿಯಬಲ್‌ನಲ್ಲಿ ಇಟ್ಟದ್ದೆಲ್ಲ ಹೋಗುತ್ತದೆ. ಆಯ್ಕೆಗಳನ್ನು ಸ್ಟೋರೇಜ್‌ನಿಂದಲೇ ಪ್ರತಿ ಸಲ ಓದಬೇಕು. ಗುಂಡಿಯ ಲಿಸನರ್ (ಗುಂಡಿ ಒತ್ತಿದಾಗ ಓಡುವ ಕೋಡ್) ಅನ್ನು ಫೈಲಿನ ಮೇಲ್ಮಟ್ಟದಲ್ಲೇ ನೋಂದಾಯಿಸಬೇಕು. ಯಾವುದಾದರೂ ಅವೇಟ್ (ಉತ್ತರಕ್ಕೆ ಕಾಯುವ ಸಾಲು) ಆದ ಮೇಲೆ ನೋಂದಾಯಿಸಿದರೆ, ನಿಂತ ಸ್ಕ್ರಿಪ್ಟನ್ನು ಮತ್ತೆ ಎಬ್ಬಿಸಿದ ಆ ಗುಂಡಿ ಒತ್ತುವಿಕೆಯೇ ಕೈತಪ್ಪುತ್ತದೆ. ‘ಮೊದಲ ಸಲ ಒತ್ತಿದರೆ ಆಗುವುದಿಲ್ಲ, ಎರಡನೇ ಸಲ ಆಗುತ್ತದೆ’ ಎಂಬ ದೂರಿಗೆ ಕಾರಣ ಇದೇ. ಇದನ್ನು ಹುಡುಕುವುದು ಕಷ್ಟ, ಏಕೆಂದರೆ ಡೀಬಗ್ ಕಿಟಕಿ ತೆರೆದಿರುವಷ್ಟು ಹೊತ್ತು ಹಿನ್ನೆಲೆ ಸ್ಕ್ರಿಪ್ಟು ನಿಲ್ಲುವುದೇ ಇಲ್ಲ, ದೋಷವೂ ಕಾಣುವುದಿಲ್ಲ. ಆ ಕಿಟಕಿ ಮುಚ್ಚಿ, ಆ್ಯಡ್-ಆನ್ ಡೀಬಗ್ ಪುಟದಲ್ಲಿರುವ ಹಿನ್ನೆಲೆ ಸ್ಕ್ರಿಪ್ಟು ನಿಲ್ಲಿಸುವ ಗುಂಡಿ ಒತ್ತಿ, ಆಮೇಲೆ ಪತ್ರದ ಗುಂಡಿ ಒತ್ತಿ ನೋಡಬೇಕು.

ಪರೀಕ್ಷೆಗೆ ಮೂರು ಥಂಡರ್‌ಬರ್ಡ್ ಇಟ್ಟಿದ್ದೇನೆ: ಇಎಸ್‌ಆರ್, ತಿಂಗಳಿನದು, ಬೀಟಾ. ಮೂರಕ್ಕೂ ಮೂರು ಪ್ರೊಫೈಲ್ (ಮೇಲ್, ಸೆಟ್ಟಿಂಗ್ ಇರುವ ಫೋಲ್ಡರ್). ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ಅದು ತಡೆಯುತ್ತದೆ. ಸ್ವಂತ ಮೇಲ್ ಇರುವ ಪ್ರೊಫೈಲನ್ನು ಬೀಟಾದಿಂದ ದೂರ ಇಡಿ. ಪರೀಕ್ಷೆಯ ಪ್ರೊಫೈಲಿಗೆ ಮೇಲ್ ಖಾತೆಯೂ ಬೇಕಿಲ್ಲ. ಮಾದರಿ ಪತ್ರಗಳನ್ನು ಎಂಬಾಕ್ಸ್ (ಹಲವು ಪತ್ರ ಒಟ್ಟಿಗೆ ಇಡುವ ರೂಪ) ಎಂಬ ಒಂದೇ ಫೈಲಿನಲ್ಲಿ ಕಟ್ಟಿ, ಎಕ್ಸ್‌ಟೆನ್ಷನ್ ಇಲ್ಲದ ಹೆಸರಿನಲ್ಲಿ ಪ್ರೊಫೈಲಿನ ಲೋಕಲ್ ಫೋಲ್ಡರ್ಸ್ ಒಳಗೆ ಹಾಕಿ ತೆರೆದರೆ ಫೋಲ್ಡರಾಗಿ ಕಾಣುತ್ತದೆ. ಸೂಚಿ ಫೈಲನ್ನು ಥಂಡರ್‌ಬರ್ಡ್ ತಾನೇ ಕಟ್ಟಿಕೊಳ್ಳುತ್ತದೆ. ನೆಟ್ ಇಲ್ಲದಾಗಲೂ ಕೆಲಸ ನಡೆಯುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಆ್ಯಡ್-ಆನ್ ಅನ್ನು ಹಂಚುವ ಎಕ್ಸ್‌ಪಿಐ ಫೈಲು ಎಂದರೆ ಝಿಪ್ ಫೈಲೇ. ಫೋಲ್ಡರನ್ನು ಝಿಪ್ ಮಾಡಬಾರದು, ಫೋಲ್ಡರಿನ ಒಳಗೆ ಹೋಗಿ ಎಲ್ಲ ಫೈಲುಗಳನ್ನು ಆಯ್ದು ಝಿಪ್ ಮಾಡಬೇಕು. ಮ್ಯಾನಿಫೆಸ್ಟ್ ಮೇಲಿನ ಮಟ್ಟದಲ್ಲೇ ಇರಬೇಕು, ಒಂದು ಫೋಲ್ಡರಿನೊಳಗೆ ಇಳಿದಿದ್ದರೆ ಫೈಲ್ ಕೆಟ್ಟಿದೆ ಎಂದು ಹೇಳಿ ನಿಲ್ಲುತ್ತದೆ. ಬೇರೆ ಬೇರೆ ಭಾಷೆಯ ಅನುವಾದ ಇಡುವ ಲೊಕೇಲ್ಸ್ ಫೋಲ್ಡರ್ ಇದ್ದರೆ ಮ್ಯಾನಿಫೆಸ್ಟಿನಲ್ಲಿ ಡಿಫಾಲ್ಟ್ ಲೊಕೇಲ್ ಇರಲೇಬೇಕು. ಫೋಲ್ಡರ್ ತೆಗೆದರೆ ಆ ಸಾಲನ್ನೂ ತೆಗೆಯಬೇಕು.

ದೂರು ಬಂದಾಗ ಹೆಚ್ಚಿನವರು ಪರದೆಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಫೋಟೊದಲ್ಲಿ ಎ ಮೇಲಿನ ಗೆರೆ ಎಡಕ್ಕೆ ವಾಲಿದೆಯೋ ಬಲಕ್ಕೋ ತಿಳಿಯುವುದಿಲ್ಲ, ಅವೆರಡೂ ಬೇರೆ ಬೇರೆ ತುಂಡು. ನಾನು ಕೇಳುವುದು ಇಷ್ಟು: ಥಂಡರ್‌ಬರ್ಡ್‌ನ ಆವೃತ್ತಿ, ಆ್ಯಡ್-ಆನ್‌ನ ಆವೃತ್ತಿ, ತಪ್ಪಾಗಿ ಬಂದ ಒಂದೇ ಒಂದು ಪದವನ್ನು ಮೂಲದಿಂದ ಕಾಪಿ ಮಾಡಿ ಪಠ್ಯವಾಗಿ, ಅದರ ಪಕ್ಕ ಅದು ಏನಾಗಬೇಕಿತ್ತು ಎಂಬುದು. ಪೂರ್ತಿ ಪತ್ರ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತೇನೆ, ಬೇರೆಯವರ ವ್ಯವಹಾರ ನನ್ನ ಡಿಸ್ಕಿನಲ್ಲಿ ಇರಬಾರದು. ಆ ಪದ ಮೊದಲು ಪರೀಕ್ಷೆಯ ಪಟ್ಟಿಗೆ ಸೇರುತ್ತದೆ, ತಪ್ಪು ಉತ್ತರ ಬರುವುದನ್ನು ಕಣ್ಣಾರೆ ನೋಡಿದ ಮೇಲೆ ತಿದ್ದುಪಡಿ. ಹಿಂದಿನ ಆವೃತ್ತಿಯ ಎಕ್ಸ್‌ಪಿಐ ಫೈಲನ್ನು ಅಳಿಸುವುದಿಲ್ಲ. ಹೊಸದರಲ್ಲಿ ಬೇರೇನಾದರೂ ಕೆಟ್ಟರೆ ಅದನ್ನು ಕಳಿಸಿ ಫೈಲಿನಿಂದ ಇನ್‌ಸ್ಟಾಲ್ ಮಾಡಿಕೊಳ್ಳಲು ಹೇಳುತ್ತೇನೆ. ಆಗ ಆ ಆ್ಯಡ್-ಆನ್‌ನ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ಆಫ್ ಮಾಡಿಸಬೇಕು, ಇಲ್ಲದಿದ್ದರೆ ಕೆಟ್ಟ ಆವೃತ್ತಿಯೇ ಮತ್ತೆ ಬಂದು ಕೂರುತ್ತದೆ.